ಸದ್ದು ತೆಗೆದು ನೋಡಿದ ಪಿಕ್ಚರ್

“ಬರ್ತಾನ ನೋಡು, ಅವರಪ್ಪ ಬಂದ ಬರ್ತಾನ!” ನೀಲಾ ಪಿಸುಗುಟ್ಟಿದಳು.

“ಹಡಗೇ ಮುಳುಗಿ ಆಯ್ತಲ್ಲ ಮಾರಾಯ್ತಿ. ಇನ್ನೆಂತ ಬರುದು?” ಎಂದಳು ವಿನೋದಿನಿ, ಟಿವಿಯಿಂದ ಕಣ್ಣು ತೆಗೆಯದೆ.

“ಪಿಕ್ಚರ್‌ನ್ಯಾಗ ಹಂಗ ಅಪ್ಪ ಸಾಯಂಗಿಲ್ಲ. ಶರತ್ತು ಹಚ್ಚತೀಯೇನು?”

“ಹೂಂ, ಶರತ್ತು!”

ಟಿವಿಯಲ್ಲಿ ಒಬ್ಬ ಪುಟ್ಟ ಹುಡುಗ ಸಮುದ್ರದ ದಂಡೆಯಲ್ಲಿ ನಿಂತು ಅಪ್ಪನಿಗಾಗಿ ಕಾಯುತ್ತಿದ್ದ. ಕಾಂದಿವಲಿಯ ಸಾಲುಮನೆಗಳ ಚಾಳಿನಲ್ಲಿ ವಿನೋದಿನಿಯ ಒಂದೇ ಕೋಣೆಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕಪಕ್ಕದ ಮಕ್ಕಳೆಲ್ಲ ಅಲ್ಲೇ ಇದ್ದರು. ಕಿಟಕಿಗೆ ಅಮ್ಮನ ಹಳೆಯ ಸೀರೆ ಕಟ್ಟಿ ಕತ್ತಲೆ ಮಾಡಿದ್ದರು.

ವಿನೋದಿನಿಗೆ ಪಿಕ್ಚರ್ ಇದ್ದರೆ ಊಟವೂ ಬೇಡ, ನಿದ್ದೆಯೂ ಬೇಡ. ಪರೀಕ್ಷೆ ಮುಗಿದ ಮೇಲೆ ಬಾಡಿಗೆಗೆ ವಿಸಿಆರ್ ತರುತ್ತೇನೆಂದು ಅಪ್ಪ ಸದಾನಂದ ಹೋದ ವರ್ಷವೂ ಹೇಳಿದ್ದ. ಆದರೆ ಬೈಕುಲ್ಲಾದ ಹೋಟೆಲಿನಲ್ಲಿ ಅವನಿಗೆ ರಜೆ ಸಿಕ್ಕಿರಲಿಲ್ಲ. ಈ ಸಲ ಅವಳು ಅಪ್ಪನ ಪ್ರಾಣ ತಿಂದು ತರಿಸಿದ್ದಳು. ಸಂಜೆಯಾದರೆ ಅಂಗಡಿಯವನು ಬಂದು ಅದನ್ನು ಹೊತ್ತುಕೊಂಡು ಹೋಗುತ್ತಾನೆ. ಮತ್ತೆ ಬರುವುದು ಮುಂದಿನ ವರ್ಷ, ಅದೂ ಬಂದರೆ.

ನೀಲಾ ಪಕ್ಕದ ಕೋಣೆಯವಳು. ಎರಡು ಕೋಣೆಗಳ ನಡುವೆ ಇದ್ದದ್ದು ಹಲಗೆಯ ಗೋಡೆ. ಅವಳ ಅಪ್ಪ ಅಣವೀರಪ್ಪ ಆಸ್ಪತ್ರೆಯಲ್ಲಿದ್ದ. ಅವ್ವ ಭಾಗವ್ವ ಅಲ್ಲೇ ಅವನ ಹತ್ತಿರ ಇದ್ದಳು. ಹುಡುಗಿ ಒಂಟಿಯಾಗಿ ಕೂತು ಅಳುವುದು ಬೇಡವೆಂದು ವಿನೋದಿನಿಯ ಅಮ್ಮ ವಾರಿಜಾ ಅವಳನ್ನು ಬೆಳಿಗ್ಗೆಯೇ ಕರೆತಂದಿದ್ದಳು.

ಆಗ ಬಾಗಿಲು ತೆರೆಯಿತು. ಬೆಳಕು ಬಿದ್ದು ಚಿತ್ರ ಮಂಕಾಯಿತು. ಮಕ್ಕಳೆಲ್ಲ “ಬಾಗಿಲು! ಬಾಗಿಲು!” ಎಂದು ಕೂಗಿದರು.

ಬಾಗಿಲಲ್ಲಿ ಸದಾನಂದ ನಿಂತಿದ್ದ. ಆಸ್ಪತ್ರೆಗೆ ಹೋಗಿದ್ದವನು ಈಗ ಬಂದಿದ್ದ. ಚಪ್ಪಲಿಯನ್ನೂ ಬಿಚ್ಚಲಿಲ್ಲ.

“ನೀಲಾ, ಬಾ ಮಗಾ. ನಿನ್ನ ಅವ್ವ ಬಂದಿದ್ದಾರೆ,” ಎಂದ. ಆಮೇಲೆ ಹೆಂಡತಿಯನ್ನು ನೋಡಿ ಮೆಲ್ಲನೆ, “ಟಿವಿ ಬಂದ್ ಮಾಡು, ವಾರಿಜಾ,” ಎಂದ.

ನೀಲಾ ಎದ್ದಳು. ಮಡಚಿ ಕೂತ ಕಾಲು ಜೋಮು ಹಿಡಿದಿತ್ತು. ಕುಂಟುತ್ತಲೇ ಹೋದಳು.

ಚಾಳಿನಲ್ಲಿ ಯಾರಾದರೂ ತೀರಿಕೊಂಡರೆ ಆ ದಿನ ಯಾರ ಮನೆಯಲ್ಲೂ ರೇಡಿಯೊ ಇಲ್ಲ, ಟಿವಿ ಇಲ್ಲ. ಯಾರೂ ಬಂದು ಹೇಳಬೇಕಾಗಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಚಹಾ, ಅನ್ನ ಎಲ್ಲ ಪಕ್ಕದ ಮನೆಗಳಿಂದಲೇ ಹೋಗಬೇಕು. ವಾರಿಜಾ ದೊಡ್ಡ ಪಾತ್ರೆಯಲ್ಲಿ ಚಹಾ ಮಾಡಿ ಎತ್ತಿಕೊಂಡಳು.

“ನೀನು ಮನೆಯಲ್ಲೇ ಇರು, ಆಯ್ತಾ? ಒಲೆ ಮೇಲೆ ಅನ್ನ ಉಂಟು, ನೋಡಿಕೋ,” ಎಂದು ಹೇಳಿ ಹೋದಳು.

ಅಣವೀರಪ್ಪನನ್ನು ಹೊತ್ತು ತಂದು ಪಕ್ಕದ ಕೋಣೆಯಲ್ಲಿ ಮಲಗಿಸಿದರು. ಮಕ್ಕಳೂ ಒಬ್ಬೊಬ್ಬರಾಗಿ ಎದ್ದು ಹೋದರು. ವಿನೋದಿನಿ ಒಬ್ಬಳೇ ಉಳಿದಳು. ಅನ್ನ ಬೆಂದಿತು. ಒಲೆ ಆರಿಸಿದಳು. ಅಣವೀರಪ್ಪ ಮಾಮನ ನೆನಪಾಯಿತು. ಊರಿಗೆ ಹೋಗಿ ಬಂದಾಗಲೆಲ್ಲ ಮಾಮ ಅವಳಿಗೂ ಶೇಂಗಾ ಉಂಡೆ ತರುತ್ತಿದ್ದ. ಆದರೆ ಕಣ್ಣು ಮಾತ್ರ ಹೋಗಿ ಹೋಗಿ ವಿಸಿಆರ್ ಮೇಲೆಯೇ ನಿಲ್ಲುತ್ತಿತ್ತು. ಸಂಜೆ ಅದು ಹೋಗಿಬಿಡುತ್ತದೆ. ಆ ಹುಡುಗನ ಅಪ್ಪ ಬಂದನೋ ಇಲ್ಲವೋ ಎಂದು ಗೊತ್ತೇ ಆಗುವುದಿಲ್ಲ.

ಸದ್ದು ಪೂರ್ತಿ ತೆಗೆದುಬಿಟ್ಟರೆ? ಯಾರಿಗೆ ಗೊತ್ತಾಗುತ್ತದೆ?

ಬಾಗಿಲಿನ ಚಿಲಕ ಹಾಕಿದಳು. ಟಿವಿಯ ಸದ್ದನ್ನು ಸೊನ್ನೆಗೆ ತಿರುಗಿಸಿ ಗುಂಡಿ ಒತ್ತಿದಳು. ಪಿಕ್ಚರ್ ಬಿಟ್ಟಲ್ಲಿಂದಲೇ ಹೊರಟಿತು. ಎಲ್ಲರ ಬಾಯಿ ಆಡುತ್ತಿತ್ತು, ಮಾತಿಲ್ಲ. ಮಳೆ ಬಂತು, ಸದ್ದಿಲ್ಲ. ಮೊದಮೊದಲು ಬಾಗಿಲ ಕಡೆ ತಿರುಗಿ ತಿರುಗಿ ನೋಡುತ್ತಿದ್ದಳು. ಆಮೇಲೆ ಅವಳು ಎಲ್ಲವನ್ನೂ ಮರೆತಳು. ಅಷ್ಟು ಹುಚ್ಚು ಅವಳಿಗೆ.

ಕೊನೆಗೆ ಬಂದರಿನಲ್ಲಿ ಒಂದು ಹಡಗು ಬಂದು ನಿಂತಿತು. ಗಡ್ಡ ಬಿಟ್ಟ ಒಬ್ಬ ಮನುಷ್ಯ ಕೆಳಗಿಳಿದ. ಅಪ್ಪ! ಹುಡುಗ ಓಡಿದ. ಎರಡೂ ಕೈ ಚಾಚಿದ. ಬಾಯಿ ತೆರೆದ.

“ಯಪ್ಪಾ! ಯಪ್ಪಾ!”

ವಿನೋದಿನಿ ಬೆಚ್ಚಿ ಬಿದ್ದಳು. ಸದ್ದು ಹೇಗೆ ಬಂತು? ಹಾರಿ ಹೋಗಿ ಟಿವಿಯ ಗುಂಡಿ ಮುಟ್ಟಿದಳು. ಅದು ಸೊನ್ನೆಯಲ್ಲೇ ಇತ್ತು.

“ಒಯ್ಯಬ್ಯಾಡ್ರೀ... ನಮ್ಮಪ್ಪನ್ನ ಒಯ್ಯಬ್ಯಾಡ್ರೀ...”

ಹಲಗೆಯ ಆಚೆಯಿಂದ ಬರುತ್ತಿತ್ತು. ನೀಲಾಳ ದನಿ. ಒಡೆದ, ಬಿಕ್ಕುವ ದನಿ. ಪಿಕ್ಚರ್‌ನಲ್ಲಿ ಯಾರೂ ಹಾಗೆ ಅಳುವುದನ್ನು ವಿನೋದಿನಿ ಕೇಳಿರಲಿಲ್ಲ. ಟಿವಿಯಲ್ಲಿ ಅಪ್ಪ ಮಗನನ್ನು ಎತ್ತಿಕೊಂಡು ನಗುತ್ತಿದ್ದ.

ಅವಳು ಟಿವಿ ಆರಿಸಿದಳು.

ಗಂಡಸರ ಹೆಜ್ಜೆಗಳು ಬಾಗಿಲ ಮುಂದಿನ ಗ್ಯಾಲರಿಯಲ್ಲಿ ಹಾದುಹೋದವು. ಮೆಟ್ಟಿಲಿಳಿದವು. ಮಣ್ಣು ಮಾಡಲು ಒಯ್ದರು. ಆಮೇಲೆ ಇಡೀ ಚಾಳು ಸ್ತಬ್ಧವಾಯಿತು. ವಿನೋದಿನಿ ಎಷ್ಟು ಹೊತ್ತು ಕೂತಿದ್ದಳೋ. ಅಂಗಡಿಯವನು ಬರುವ ಹೊತ್ತಾಯಿತೆಂದು ನೆನಪಾಗಿ ಎದ್ದಳು. ಕ್ಯಾಸೆಟ್ ಹಿಂದಕ್ಕೆ ಸುತ್ತಿಯೇ ಕೊಡಬೇಕು. ಇಲ್ಲದಿದ್ದರೆ ಅವನು ಬಾಯಿಗೆ ಬಂದ ಹಾಗೆ ಬೈಯುತ್ತಾನೆ. ರಿವೈಂಡ್ ಒತ್ತಿದಳು. ವಿಸಿಆರ್ ‘ಗುರ್‌ರ್‌ರ್’ ಎಂದು ತಿರುಗಿ ತಿರುಗಿ, ಕೊನೆಗೆ ‘ಖಟ್’ ಎಂದು ನಿಂತಿತು.

ಮರುದಿನ ಮಧ್ಯಾಹ್ನ ನೀಲಾ ಗ್ಯಾಲರಿಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಊದಿತ್ತು. ವಿನೋದಿನಿ ಅವಳ ಹತ್ತಿರ ಹೋಗಿ ಸುಮ್ಮನೆ ನಿಂತಳು.

ನೀಲಾಳೇ ಕೇಳಿದಳು. “ಅವರಪ್ಪ ಬಂದನೇನು?”

“ಯಾರ...?”

“ಆ ಪಿಕ್ಚರ್ ಹುಡುಗನ ಅಪ್ಪ.”

ನಾನು ನೋಡಲೇ ಇಲ್ಲ ಎನ್ನಬೇಕೆಂದು ವಿನೋದಿನಿ ಬಾಯಿ ತೆರೆದಳು.

“ನೀ ಕ್ಯಾಸೆಟ್ ಸುತ್ತಿದ್ದು ಕೇಳಸ್ತು,” ಎಂದಳು ನೀಲಾ. “ಎಲ್ಲಾರೂ ಹೋದ್ರಲ್ಲ, ನಾ ಹಲಗೀಗೆ ತಲೀ ಕೊಟ್ಟು ಮಲಗಿದ್ದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವಿನೋದಿನಿಗೆ ಎಷ್ಟೋ ಹಗುರವಾಗುತ್ತಿತ್ತು. ನಾಚಿಕೆಯಿಂದ ಅವಳ ಮುಖ ಕೆಂಪಗಾಯಿತು.

“ಬಂದ್ರು,” ಎಂದಳು, ತನಗೇ ಕೇಳದಷ್ಟು ಮೆಲ್ಲಗೆ.

“ನಾ ಹೇಳಿದ್ನಿಲ್ಲ? ಪಿಕ್ಚರ್‌ನ್ಯಾಗ ಬಂದ ಬರ್ತಾರ.” ನೀಲಾ ಮೂಗು ಒರೆಸಿಕೊಂಡಳು. “ಶರತ್ತು ನಾ ಗೆದ್ದೆ.”

ಕೆಳಗೆ ಅಂಗಳದಲ್ಲಿ ಯಾರೋ ನಲ್ಲಿಗೆ ಬಕೆಟ್ ಇಟ್ಟರು. ಅದು ತುಂಬುವ ಸದ್ದನ್ನು ಇಬ್ಬರೂ ಕೇಳುತ್ತಿದ್ದರು.

“ಆಮ್ಯಾಲೆ ಏನಾತು? ಬಂದ ಮ್ಯಾಲೆ ಅವರಪ್ಪ ಏನಂದ?”

“ಗೊತ್ತಿಲ್ಲ. ಅಲ್ಲಿಗೇ ಬಂದ್ ಮಾಡಿದೆ.”

“ಯಾಕ?”

ವಿನೋದಿನಿ ತನ್ನ ಕಾಲಬೆರಳುಗಳನ್ನೇ ನೋಡಿದಳು. “ನಿನ್ನ ಸ್ವರ ಕೇಳಿತು,” ಎಂದಳು.

ನೀಲಾ ಲಂಗ ಎಳೆದುಕೊಂಡು ಪಕ್ಕಕ್ಕೆ ಸರಿದಳು. ವಿನೋದಿನಿ ಆ ಜಾಗದಲ್ಲಿ ಕೂತಳು.