ಎಂಬತ್ತಾರನೇ ನಿಮಿಷ

ಗೈಜ್ಕಾ ಉರ್ಕಿದಿಯನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದ ದಿನ ಅವನು ನನ್ನ ಬೂಟುಗಳ ಮೇಲೆ ವಾಂತಿ ಮಾಡಿದ.

ಪ್ರೀತಿ ಹೀಗೂ ಶುರುವಾಗುತ್ತದೆಂದು ಯಾರಾದರೂ ಹೇಳಿದ್ದರೆ ಮುಖ ಸಿಂಡರಿಸಿ ಆಚೆ ಹೋಗುತ್ತಿದ್ದೆ. ನನಗಾಗಲೇ ಮೂವತ್ತೊಂದು. ಬಂದರಿನ ಪಕ್ಕದ ಮೀನಿನ ಕಾರ್ಖಾನೆಯಲ್ಲಿ ಹದಿಮೂರು ಹೆಂಗಸರ ಜೊತೆ ಒಂದೇ ಮೇಜಿನ ಮುಂದೆ ನಿಂತು ಆಂಚೊವಿ ಎಂಬ ಸಣ್ಣ ಮೀನು ಬಿಡಿಸುವುದು ನನ್ನ ಕೆಲಸ. ಆರು ತಿಂಗಳು ಉಪ್ಪಿನ ಪೀಪಾಯಿಯಲ್ಲಿ ಮಲಗಿದ್ದ ಮೀನನ್ನು ತೆಗೆದು, ಸಿಪ್ಪೆ ಉಜ್ಜಿ, ಸೀಳಿ, ಮುಳ್ಳನ್ನು ಎರಡು ಬೆರಳಲ್ಲಿ ಎಳೆಯಬೇಕು. ಆ ವಾಸನೆ ಉಗುರಿನ ಕೆಳಗೆ ಸೇರಿದರೆ ಭಾನುವಾರಕ್ಕೂ ಹೋಗುವುದಿಲ್ಲ.

ಗೈಜ್ಕಾ ನಮ್ಮೂರ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಆ ಮೇ ತಿಂಗಳಲ್ಲಿ ನಿವೃತ್ತನಾಗುವವನಿದ್ದ. ಹೊಸ ಮೀನಿನ ಡಬ್ಬಿಯ ಮೇಲೆ ಅವನ ಮುಖ ಅಚ್ಚು ಹಾಕಿಸಬೇಕೆಂದು ಕಾರ್ಖಾನೆಯ ಮಾಲೀಕ ಇಮಾನೋಲ್ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಕರೆತಂದ. ಇಮಾನೋಲ್ ಕ್ಲಬ್ಬಿನ ಉಪಾಧ್ಯಕ್ಷನೂ ಹೌದು. ಫೋಟೋ ತೆಗೆಯುವ ಮುಂಚೆ ಗೈಜ್ಕಾನ ಕಿವಿಯಲ್ಲಿ ಏನೋ ಹೇಳಿ ಕಣ್ಣು ಹೊಡೆದ. ಗೈಜ್ಕಾನ ಮುಖ ಹಳೇ ಸೋಪಿನ ಬಣ್ಣಕ್ಕೆ ತಿರುಗಿತು. ಎರಡು ಹೆಜ್ಜೆ ಹಿಂದಿಟ್ಟ. ಅಲ್ಲಿ ನಾನಿದ್ದೆ.

"ಹತ್ತು ವರ್ಷ ಚೆಂಡು ಹಿಡಿದವನಿಗೆ ತಿಂದದ್ದನ್ನ ಹಿಡ್ಕೊಳ್ಳೋಕಾಗಲಿಲ್ವಲ್ಲೇ," ಎಂದಳು ಕರ್ಮೆಲೆ. ನಮ್ಮ ಮೇಜಿಗೆಲ್ಲ ಹಿರಿಯಳು.

ಬೂಟು ತೊಳೆಯುವಾಗ ನನಗೆ ಹೇಸಿಗೆಯಾಗಿದ್ದು ವಾಂತಿಯ ಬಗ್ಗೆ ಅಲ್ಲ. ಅವನ ಅಜ್ಜಿ ಇದೇ ಮೇಜಿನಲ್ಲಿ ಸವೆದವಳು. ಮೊಮ್ಮಗನಿಗೆ ನಮ್ಮ ವಾಸನೆ ತಡೆಯಲಾಗಲಿಲ್ಲ ಎಂದುಕೊಂಡೆ.

ಮರುದಿನ ಸಂಜೆ ಆರಕ್ಕೆ ಅವನು ಗೇಟಿನ ಹತ್ತಿರ ನಿಂತಿದ್ದ, ಕೈಯಲ್ಲೊಂದು ಡಬ್ಬ.

"ಲಿಬೆ ಅಂದ್ರೆ ನೀವೇನಾ?"

"ಬೂಟು ತೊಳೆದಾಯ್ತು. ಬಿಡಿ."

"ಹೊಸದು ತಂದಿದ್ದೀನಿ. ನಲವತ್ತರ ಸೈಜು."

"ನನ್ನದು ಮೂವತ್ತಾರು."

ಅವನು ನನ್ನ ಪಾದ ನೋಡಿದ, ಮುಖ ನೋಡಿದ, ಮತ್ತೆ ಪಾದ ನೋಡಿದ. "ನನ್ನ ಕಣ್ಣಳತೆ ಮೊದಲಿಂದಲೂ ಸ್ವಲ್ಪ ಹಂಗೇನೇ."

"ಗೋಲ್‌ಕೀಪರ್ ಆಗಿ?"

"ಅದಕ್ಕೇ ಎರಡನೇ ಡಿವಿಷನ್‌ನಲ್ಲಿ ಇರೋದು."

ನಗು ಬಂತು. ತುಟಿ ಕಚ್ಚಿಕೊಂಡೆ. ಅವನು ಅದನ್ನು ಗಮನಿಸಿದ ಅನ್ನುವುದನ್ನು ನಾನು ಗಮನಿಸಿದೆ.

ಆಮೇಲೆ ಸಂಜೆಗಳು ತಾವಾಗಿಯೇ ಸಿಗತೊಡಗಿದವು. ಬಂದರಿನ ಗೋಡೆಯ ಮೇಲೆ ಕೂರುತ್ತಿದ್ದೆವು. ಅವನ ಎಡಗೈಯ ಕಿರುಬೆರಳು ಮೂರು ಸಲ ಮುರಿದು, ಬೇರೆ ಯಾರದ್ದೋ ಬೆರಳಿನಂತೆ ಆಚೆ ತಿರುಗಿತ್ತು. ನಾನು ನೋಡಿದರೆ ಜೇಬಿಗಿಳಿಸುತ್ತಿದ್ದ. ಒಂದು ದಿನ ಇಳಿಸಲಿಲ್ಲ. ಇಬ್ಬರ ನಡುವೆ ಕಲ್ಲಿನ ಮೇಲೆ ಇಟ್ಟ, ನೋಡು ಅನ್ನುವ ಹಾಗೆ.

"ನನ್ನ ವಾಸನೆಗೆ ವಾಂತಿ ಮಾಡಿದವನು ಪಕ್ಕದಲ್ಲಿ ಹೆಂಗೆ ಕೂರ್ತೀರಿ?" ಎಂದು ಕೆಣಕಿದೆ.

ಅವನು ಚೀಲದಿಂದ ಒಂದು ಕೈಗವಸು ತೆಗೆದ. "ಮೂಸಿ ನೋಡಿ."

ಮೂರು ವಾರ ಮುಚ್ಚಿಟ್ಟ ಬೆವರು, ಕೊಳೆತ ರಬ್ಬರು, ಸತ್ತ ಬೆಕ್ಕು. ಗೋಡೆಯಿಂದ ಬಗ್ಗಿ ಓಕರಿಸಿದೆ.

"ಈಗ ಸಮ ಆಯ್ತಾ?"

"ಎಲ್ಲಿಯ ಸಮ. ನೀನೇ ಗೆದ್ದೆ." ಆವತ್ತಿನಿಂದ ಬಹುವಚನ ಬಿಟ್ಟುಹೋಯಿತು.

ಅವನು ನನ್ನ ಬೆರಳ ತುದಿಗಳನ್ನು ಮೂಗಿನ ಹತ್ತಿರ ಹಿಡಿದು, ಔಷಧಿ ಅಂಗಡಿಯವನ ಗಂಭೀರ ಮುಖ ಮಾಡುತ್ತಿದ್ದ. "ಉಪ್ಪು. ಎಣ್ಣೆ. ಸತ್ತ ಮೀನು. ನಿಂಬೆಹಣ್ಣಿನ ಸೋಪು."

"ಅಷ್ಟೇನಾ?"

"ತಡಿ, ಇನ್ನೂ ಇದೆ. ಅದರ ಕೆಳಗೆಲ್ಲೋ ನೀನಿದ್ದೀಯ."

ಅವನ ಆಟದ ಬದುಕನ್ನು ನಾನು ಆ ಗೋಡೆಯ ಮೇಲೆ ಚೂರುಚೂರಾಗಿ ಕೇಳಿದೆ. ನಮ್ಮ ನೆಲದ ಹುಡುಗರನ್ನು ಬಿಟ್ಟು ಬೇರೆಯವರನ್ನು ಸೇರಿಸದ ಬಿಲ್ಬಾವೋ ನಗರದ ದೊಡ್ಡ ಕ್ಲಬ್ಬು ಹನ್ನೊಂದನೇ ವಯಸ್ಸಿಗೆ ಅವನನ್ನು ಕರೆದೊಯ್ದಿತ್ತು. ದೊಡ್ಡವರ ತಂಡದಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ದಕ್ಷಿಣದ ಧೂಳಿನ ಬಯಲಿನ ಒಂದು ಬಡ ಕ್ಲಬ್ಬಿಗೆ ಎರಡು ವರ್ಷ ಎರವಲು ಕೊಟ್ಟರು. ಅಲ್ಲಿ ಆಟಗಾರರ ಬಟ್ಟೆ ಒಗೆಯುವ ರೆಮೆದಿಯೋಸ್ ಎಂಬ ಹೆಂಗಸಿನ ಮನೆಯಲ್ಲಿ ಬಾಡಿಗೆಗಿದ್ದ. ಜ್ವರ ಬಂದಾಗ ಬೆಳ್ಳುಳ್ಳಿ ಸಾರು ಮಾಡಿ ಕುಡಿಸಿದವಳು ಅವಳು. ಆಮೇಲೆ ಊರಿಗೆ ಮರಳಿ ಹತ್ತು ವರ್ಷ ನಮ್ಮ ಗೋಲು ಕಾದ. ರೆಮೆದಿಯೋಸ್ ಹೆಸರು ಬಂದಾಗಲೆಲ್ಲ ಅವನು ಮಾತು ತಿರುಗಿಸುತ್ತಿದ್ದ. ಹಳೇ ಪ್ರೇಮವೋ ಏನೋ ಎಂದು ನಾನು ಸುಮ್ಮನೆ ಹೊಟ್ಟೆಕಿಚ್ಚುಪಟ್ಟೆ.

ಕೊನೆಯ ಪಂದ್ಯಕ್ಕೆ ಮುಂಚೆ ಅವನಿಗೆ ಔರೆಸ್ಕು ಮಾಡಿಸಬೇಕೆಂದು ಕ್ಲಬ್ಬು ತೀರ್ಮಾನಿಸಿತು. ಅದು ಗೌರವದ ಕುಣಿತ. ಬಿಳಿ ಬಟ್ಟೆ ತೊಟ್ಟು, ಯಾರಿಗೆ ಗೌರವವೋ ಅವರ ಎದುರಿಗೇ ಒಬ್ಬರು ಕುಣಿಯಬೇಕು. ಕೊಳಲು ಶುರುವಾದರೆ ಮೈದಾನಕ್ಕೆ ಮೈದಾನವೇ ಎದ್ದು ನಿಲ್ಲುತ್ತದೆ. ಆರನೇ ವಯಸ್ಸಿನಿಂದ ಕುಣಿಯುತ್ತಿರುವ ನನ್ನನ್ನೇ ನಮ್ಮ ಕುಣಿತದ ಗುರು ಎರ್ಲಾಂಟ್ಸ್ ಆರಿಸಿದ.

"ಕಾಲು ಎತ್ತುವಾಗ ಕಣ್ಣು ಅವನ ಮುಖದ ಮೇಲೇ ಇರಲಿ," ಎಂದ. "ಅದು ನಿನಗೇನು ಕಷ್ಟ ಅಲ್ಲ ಅಂತ ಊರೆಲ್ಲ ಮಾತಾಡ್ತಿದೆ."

ಗುರುವಾರ ಸಂಜೆ ಗೋಡೆಯ ಮೇಲೆ ಇದನ್ನು ಗೈಜ್ಕಾನಿಗೆ ಹೇಳಿದೆ. ಖುಷಿಪಡುತ್ತಾನೆ ಅಂದುಕೊಂಡಿದ್ದೆ.

"ಬೇಡ," ಎಂದ. "ನೀನಂತೂ ಬೇಡ."

"ಯಾಕೆ, ನನ್ನ ಕಾಲು ಚೆನ್ನಾಗಿಲ್ವಾ?"

ಅವನು ನಗಲಿಲ್ಲ. ನೀರನ್ನು ನೋಡುತ್ತಾ ಹೇಳಿದ. ಮೂರು ವರ್ಷದ ಹಿಂದೆ, ಸೀಸನ್ನಿನ ಕೊನೆಯ ದಿನ. ಪಕ್ಕದ ಕಣಿವೆಯ ತಂಡ ನಮ್ಮ ಮೈದಾನಕ್ಕೆ ಬಂದಿತ್ತು. ಅವರು ಸೋತರೆ ಕೆಳಗಿನ ಡಿವಿಷನ್ನಿಗೆ ಬೀಳುತ್ತಿದ್ದರು, ಸಮ ಮಾಡಿಕೊಂಡರೆ ಉಳಿಯುತ್ತಿದ್ದರು. ನಮಗೆ ಗೆದ್ದರೂ ಒಂದೇ, ಸೋತರೂ ಒಂದೇ. ಹಿಂದಿನ ದಿನ ಊರ ಗಂಡಸರೇ ಸೇರಿ ಅಡುಗೆ ಮಾಡಿ ಉಣ್ಣುವ ಸಂಘದಲ್ಲಿ ಇಮಾನೋಲ್ ತಾನೇ ಮೀನು ಬೇಯಿಸಿ ಅವನಿಗೆ ಬಡಿಸಿದ್ದ. ಯಾರೂ ಏನೂ ಕೇಳಲಿಲ್ಲ. 'ಪಕ್ಕದ ಕಣಿವೆಯವರೂ ನಮ್ಮವರೇ ಅಲ್ವಾ' ಎಂದಷ್ಟೇ ಹೇಳಿದರು.

"ಒಂದು ಗೋಲಿಂದ ನಾವು ಮುಂದಿದ್ವಿ. ಎಂಬತ್ತಾರನೇ ನಿಮಿಷ. ಚೆಂಡು ಉರುಳ್ಕೊಂಡು ಬಂತು, ಹಸುಗೂಸು ಬೇಕಾದರೂ ಹಿಡೀತಿತ್ತು. ನಾನು ಅದು ದಾಟಿದ ಮೇಲೆ ಬಿದ್ದೆ."

ಪಕ್ಕದವರು ಉಳಿದರು. ಅವರ ಬದಲಿಗೆ ಕೆಳಗೆ ಬಿದ್ದದ್ದು ದಕ್ಷಿಣದ ಆ ಬಡ ಕ್ಲಬ್ಬು. ಎರಡು ವರ್ಷಕ್ಕೆ ಅದು ಬಾಗಿಲು ಹಾಕಿತು. ರೆಮೆದಿಯೋಸ್ ಕಾಗದ ಬರೆದಿದ್ದಳಂತೆ: ಕೆಲಸ ಹೋಯಿತು ಮಗನೇ, ನೀನಾದರೂ ಆಡುತ್ತಿರು.

"ದುಡ್ಡು ತಗೊಂಡಿದ್ರೆ ವಾಪಸ್ ಕೊಡಬಹುದಿತ್ತು. ನಾನು ತಿಂದಿದ್ದು ಒಂದು ತಟ್ಟೆ ಮೀನು. ಮೂರು ವರ್ಷದಿಂದ ಊರಲ್ಲಿ ಯಾರು ಸಿಕ್ಕಿದರೂ ಕಣ್ಣು ಹೊಡೀತಾರೆ. ಆವತ್ತು ನಿಮ್ಮ ಕಾರ್ಖಾನೆಯಲ್ಲೂ ಅಷ್ಟೇ. 'ಈ ಡಬ್ಬಿ ಆ ಗೋಲಿನ ನೆನಪಿಗೆ' ಅಂದ ಇಮಾನೋಲ್. ಮೀನಿನ ವಾಸನೆಗಲ್ಲ ಲಿಬೆ, ನನ್ನ ವಾಸನೆಗೆ ವಾಂತಿಯಾಗಿದ್ದು."

ಮತ್ತೆ ಅಂದ: "ನೆಲದ ಮೇಲೆ ಬಿದ್ದಿದ್ದಾಗ ಗೋಲಿನ ಹಿಂದೆ ಯಾರೋ ನಕ್ಕರು. ಒಬ್ಬ ಹೆಂಗಸು. ಇಡೀ ಮೈದಾನ ನಾಟಕ ಮಾಡ್ತಾ 'ಅಯ್ಯೋ' ಅಂತಿದ್ದಾಗ ಅವಳೊಬ್ಬಳು ನಕ್ಕಳು. ಅಷ್ಟು ಅಸಹ್ಯದ ನಗು ನಾನು ಕೇಳೇ ಇಲ್ಲ."

ಆ ದಿನ ಗೋಲಿನ ಹಿಂದೆ, ನಾಲ್ಕನೇ ಸಾಲಿನಲ್ಲಿ, ಕರ್ಮೆಲೆಯ ಪಕ್ಕ ನಾನು ಕೂತಿದ್ದೆ. ಏನಾಗಬೇಕೆಂದು ಬೆಳಗ್ಗೆಯಿಂದ ಊರಿಗೆಲ್ಲ ಗೊತ್ತಿತ್ತು. ನೆರೆಯವರಿಗೆ ಬಲೆ ಎರವಲು ಕೊಟ್ಟಷ್ಟೇ ಸಹಜ ಅನ್ನಿಸಿತ್ತು. ಅವನು ಅಷ್ಟು ಕೆಟ್ಟದಾಗಿ ಬಿದ್ದದ್ದು ಕಂಡು ಗಂಟಲು ಬಿಚ್ಚಿ ನಕ್ಕಿದ್ದೆ. ಸಂಜೆ ಗೆಳತಿಯರ ಜೊತೆ ಕುಡಿದು, ಹಾಡಿ, ಮರೆತೂಬಿಟ್ಟಿದ್ದೆ.

ಆಗಲೇ ಹೇಳಬೇಕಿತ್ತು. ಅವನು ನನ್ನ ಕೈ ಹಿಡಿಯಲು ಬಂದ, ನಾನು ಎಳೆದುಕೊಂಡೆ.

"ಮುಟ್ಟಬೇಡ. ಅಸಹ್ಯ ಆಗ್ತಿದೆ."

ಯಾರ ಮೇಲೆ ಅಸಹ್ಯ ಎಂದು ಹೇಳಲಿಲ್ಲ. ಅವನು ತನ್ನ ಮೇಲೆ ಅಂದುಕೊಂಡ. ಅಂದುಕೊಳ್ಳಲಿ ಎಂದು ಬಿಟ್ಟೆ. ತಲೆಯಾಡಿಸಿ, ಚೀಲ ಎತ್ತಿಕೊಂಡು ಹೋದ. ಆ ತಲೆಯಾಡಿಸುವಿಕೆಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಶುಕ್ರವಾರ ಮೇಜಿನಲ್ಲಿ ಮುಳ್ಳು ಎಳೆಯುತ್ತಾ ಕೇಳಿದೆ. "ಕರ್ಮೆಲೆ, ಆವತ್ತು ಆ ಗೋಲಿಗೆ ನಾನು ನಕ್ಕಿದ್ದು ನೆನಪಿದೆಯಾ?"

"ನೆನಪಿಲ್ಲದೆ ಏನೇ. ನನ್ನ ಕಿವಿ ತೂತಾಗಿತ್ತು. ಅದಕ್ಕೇನೀಗ?"

ಅದಕ್ಕೇನೀಗ. ಕರ್ಮೆಲೆ ಕೆಟ್ಟವಳಲ್ಲ. ಹಾಗೆ ಕೇಳಿ ಇನ್ನೊಂದು ಮೀನು ಸೀಳಿದಳು. ಮಧ್ಯಾಹ್ನದ ಬ್ರೆಡ್ಡನ್ನು ನಾನು ಬಂದರಿನ ಹಕ್ಕಿಗಳಿಗೆ ಹಾಕಿದೆ.

ಭಾನುವಾರ ಬಿಳಿ ಸ್ಕರ್ಟು ತೊಟ್ಟು, ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಿಕೊಂಡು ಮೈದಾನಕ್ಕೆ ಇಳಿದೆ. ಬರುವುದಿಲ್ಲ ಎಂದು ಎರ್ಲಾಂಟ್ಸ್‌ಗೆ ಹೇಳುವ ಧೈರ್ಯ ನನಗಿರಲಿಲ್ಲ. ಕುಣಿಯುವ ಮನಸ್ಸೂ ಇರಲಿಲ್ಲ. ಗೈಜ್ಕಾ ನಡುಗೆರೆಯ ಮೇಲೆ ನಿಂತಿದ್ದ. ಆರು ಸಾವಿರ ಜನ ಎದ್ದು ನಿಂತರು. ಕೊಳಲು ಎತ್ತರದ ಸ್ವರ ಹಿಡಿಯಿತು.

ಅವನು ನನ್ನನ್ನು ದಾಟಿ ಕೊಳಲಿನವನ ಹತ್ತಿರ ಹೋಗಿ ಅವನ ಮಣಿಕಟ್ಟಿನ ಮೇಲೆ ಮೆಲ್ಲಗೆ ಕೈಯಿಟ್ಟ. ಸ್ವರ ನಿಂತಿತು. ಮೈಕು ಇಸಿದುಕೊಂಡ.

"ಮೂರು ವರ್ಷದ ಹಿಂದೆ ಎಂಬತ್ತಾರನೇ ನಿಮಿಷದಲ್ಲಿ ನಾನು ಬೇಕಂತಲೇ ತಡವಾಗಿ ಬಿದ್ದೆ. ಯಾರೂ ಹೇಳಿರಲಿಲ್ಲ, ನಾನೇ ಮಾಡಿದ್ದು. ಈ ಕುಣಿತ ನನ್ನದಲ್ಲ."

'ಯಾರೂ ಹೇಳಿರಲಿಲ್ಲ' ಎಂದಾಗ ಗಣ್ಯರ ಸಾಲಿನಲ್ಲಿ ಇಮಾನೋಲ್‌ನ ಭುಜ ಇಳಿದದ್ದು ಕಂಡಿತು. ಆ ನೆಮ್ಮದಿಯಷ್ಟು ಹೊಲಸು ಇನ್ನೊಂದನ್ನು ನಾನು ನೋಡಿಲ್ಲ. ಮರುಕ್ಷಣ ಸಿಳ್ಳೆಗಳು ಶುರುವಾದವು. ಅರ್ಧ ತಿಂದ ಸ್ಯಾಂಡ್‌ವಿಚ್ಚೊಂದು ನನ್ನ ಕಾಲ ಹತ್ತಿರ ಬಿತ್ತು.

"ಬಾಯಿ ಮುಚ್ಕೊಂಡು ಹೋಗೋಕೆ ಏನಾಗಿತ್ತೋ ನಿನಗೆ," ಎಂದು ಯಾರೋ ಕೂಗಿದರು. ಅವನು ಮಾಡಿದ್ದಕ್ಕೆ ಅಲ್ಲ, ಹೇಳಿದ್ದಕ್ಕೆ ಅವರಿಗೆ ಸಿಟ್ಟು.

ಅವನು ಮೈಕು ಕೊಟ್ಟು ಒಳಗೆ ನಡೆದ. ನಾನು ಕುಣಿಯಲಿಲ್ಲ. ಆರು ಸಾವಿರ ಜನರ ಎದುರು ಮೈದಾನದ ಉದ್ದಕ್ಕೂ ನಡೆದು ಅವನ ಹಿಂದೆ ಹೋದೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನೊಬ್ಬನೇ ಬೆಂಚಿನ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ.

"ನೀನು ಬರಬಾರದಿತ್ತು," ಎಂದ. "ನಾಳೆ ನಿನ್ನ ಕೆಲಸಕ್ಕೂ ಕುತ್ತು."

"ಆವತ್ತು ನಕ್ಕ ಹೆಂಗಸು ನಾನು."

ಅವನ ಬೆರಳು ದಾರದ ಮೇಲೇ ನಿಂತಿತು.

"ಎಲ್ಲಿ ಕೂತಿದ್ದೆ?"

"ಗೋಲಿನ ಹಿಂದೆ. ನಾಲ್ಕನೇ ಸಾಲು. ಎಲ್ಲ ಗೊತ್ತಿದ್ದೂ ನಕ್ಕೆ."

"ಗುರುವಾರ ಹೇಳಬಹುದಿತ್ತು."

"ಹೇಳಬಹುದಿತ್ತು. ನಿನ್ನನ್ನ ಅಸಹ್ಯಪಡೋದು ಸುಲಭ ಆಗಿತ್ತು."

ಹೊರಗೆ ಅವನಿಲ್ಲದೆಯೇ ಪಂದ್ಯ ಶುರುವಾದ ಸೀಟಿ ಕೇಳಿಸಿತು. ಅವನು ನನ್ನ ಮುಖ ನೋಡಿದ. ಆಟಗಾರರು ಚೆಂಡನ್ನು ನೋಡುವ ಹಾಗಲ್ಲ. ಎಲ್ಲೋ ಕಳೆದುಹೋದದ್ದು ತನ್ನ ಮನೆಯಲ್ಲೇ ಸಿಕ್ಕಿದಾಗ ನೋಡುತ್ತೇವಲ್ಲ, ಹಾಗೆ.

"ಆ ಹೆಂಗಸಿಗೆ ಮೂರು ವರ್ಷದಿಂದ ಮನಸ್ಸಲ್ಲೇ ಏನೇನು ಬೈದಿದ್ದೀನಿ ಗೊತ್ತಾ?"

"ಈಗ ಎದುರಿಗೇ ಬೈ."

ಅವನ ಕಣ್ಣಲ್ಲಿ ನೀರು ಬಂತು, ತೋಳಲ್ಲಿ ಒರೆಸಿಕೊಂಡ.

"ಈಗಲೂ ಹೊಟ್ಟೆ ತೊಳಸ್ತಿದೆ ಲಿಬೆ."

"ನನಗೂ."

ಅವನು ಬೆಂಚಿನ ಮೇಲೆ ಒಂದಿಷ್ಟು ಸರಿದ. ಒಬ್ಬರು ಕೂರುವಷ್ಟು ಜಾಗ. ನಾನು ಕೂತೆ, ಅವನನ್ನು ಮುಟ್ಟದೆ. ಹೊರಗೆ ಯಾರೋ ಗೋಲು ಹೊಡೆದರು, ಗೋಡೆ ಅದುರಿತು. ಯಾರು ಎಂದು ಇಬ್ಬರೂ ಕೇಳಲಿಲ್ಲ.

"ರೆಮೆದಿಯೋಸ್‌ಗೆ ಹೇಳಬೇಕು," ಎಂದ. "ಕಾಗದದಲ್ಲಲ್ಲ. ಹೋಗಿ, ಎದುರು ನಿಂತು."

"ನಾನೂ ಬರ್ತೀನಿ. ನನ್ನದೂ ಹೇಳೋದಿದೆ."

"ಅವಳು ಬಾಗಿಲು ತೆಗೆಯದೇ ಇರಬಹುದು."

"ಹಾಗಾದ್ರೆ ಇಬ್ಬರೂ ಹೊರಗೇ ನಿಂತಿರೋಣ."

ಅವನ ಆ ವಕ್ರ ಕಿರುಬೆರಳು ಬೆಂಚಿನ ಮೇಲೆ ನನ್ನ ಕೈಯ ಕಡೆಗೆ ಬಂತು. ನಾನು ಕೈ ಎಳೆದುಕೊಳ್ಳಲಿಲ್ಲ.