ಒಂದೇ ಒಲೆಯ ಲೆಕ್ಕ

ಅಣ್ಣ ತಮ್ಮನನ್ನು ಲೆಕ್ಕದಿಂದ ತೆಗೆದುಹಾಕಿದ.

ಅದಕ್ಕಾಗಿ ಅವನು ಕುರ್ಚಿಯಿಂದ ಏಳಲೂ ಇಲ್ಲ. ವರಾಂಡದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಗಣತಿಗೆ ಬಂದವಳ ಮುಖವನ್ನೂ ನೋಡದೆ ಹೇಳಿದ.

"ಇಲ್ಲ."

ಅವಳು ಪೆನ್ಸಿಲ್ ಹಿಡಿದವಳು ಹಾಗೇ ನಿಂತಳು. "ಇನ್ನೊಂದ್ಸಲ ಕೇಳ್ತೀನಿ ಸಾರ್. ಈ ಮನೆಯಿಂದ ಯಾರಾದ್ರೂ ಹೊರದೇಶಕ್ಕೆ ಹೋಗಿ ಅಲ್ಲೇ ಇದ್ದಾರಾ?"

"ಕಿವಿ ಕೇಳಿಸಲ್ವೇನಮ್ಮಾ? ಯಾರೂ ಹೋಗಿಲ್ಲ. ಸೊನ್ನೆ ಹಾಕ್ಕೊಂಡು ಹೊರಡು."

ಜನ ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಅವಳು ಸೊನ್ನೆ ಬರೆದಳು. ಆ ಸೊನ್ನೆಯೊಳಗೆ ಒಂದು ಮುಖ ಕಾಣಿಸಿತು... ಹುಬ್ಬಿನ ಮೇಲೆ ಸುಟ್ಟ ಕಲೆ, ಮುಚ್ಚಿಟ್ಟ ನಗು.

'ನೋಡೋ, ನಿನ್ನನ್ನ ನನ್ನ ಕೈಯಿಂದಲೇ ಅಳಿಸಿದ್ರು!'

ಅವಳದು ನೀರು ಸರಬರಾಜು ಕಚೇರಿಯಲ್ಲಿ ಮೀಟರು ಓದುವ ಕೆಲಸ. ಬೀದಿಯ ಮನೆಮನೆಯೂ ಗೊತ್ತು ಎಂದು ಗಣತಿಗೂ ಅವಳನ್ನೇ ಹಾಕಿದ್ದರು. ಅವಳನ್ನು 'ಮೀಟ್ರು' ಎಂದು ಕರೆಯುತ್ತಿದ್ದವನು ಒಬ್ಬನೇ. ಈ ಗುತ್ತಿಗೆದಾರನ ತಮ್ಮ. ಬೆಸುಗೆ ಕೆಲಸದವನು. ಅವಳು ಅವನನ್ನು 'ಕಿಡಿ' ಎನ್ನುತ್ತಿದ್ದಳು.

ಅವಳು ಗೇಟಿನ ಬಳಿ ಬಂದಾಗ ಸೀರೆಯ ಸರಬರ ಕೇಳಿಸಿತು. ಗುತ್ತಿಗೆದಾರನ ಹೆಂಡತಿ, ಕಿಡಿಯ ಅತ್ತಿಗೆ, ಹಿತ್ತಲಿನಿಂದ ಸುತ್ತಿ ಓಡಿಬಂದಿದ್ದಳು.

"ಯಜಮಾನ್ರು ಹೇಳಿದ್ದನ್ನ ಬರಕೊಂಡೆ. ನನ್ನ ಕೇಳಿದ್ಯಾ?"

"ಅಕ್ಕಾ..."

"ಮನೆ ಅಂದ್ರೆ ಅವರೊಬ್ಬರೇನಾ? ತಮ್ಮನ ಹೆಸರು ಸರ್ಕಾರದ ಕಾಗದದಲ್ಲಿ ಬಂದ್ರೆ ಮನೇಲಿ ಪಾಲು ಕೇಳ್ತಾನಂತೆ! ಹುಚ್ಚು ಗಂಡಸು. ಬೇಡ ಬಿಡು, ನಾನು ಹೇಳಿದೆ ಅಂತ ಬರೀಬೇಡ, ನಾನಿಲ್ಲಿ ಬಾಳಬೇಕು." ಆಕೆ ದನಿ ತಗ್ಗಿಸಿದಳು. "ನನಗೆ ಫೋನ್ ಮಾಡ್ತಿರ್ತಾನೆ, ಕದ್ದು. ಮೊದಲು ಕೇಳೋದೇ ನಿನ್ನ ವಿಷಯ. ಮೀಟ್ರು ಹೇಗಿದ್ದಾಳೆ ಅತ್ತಿಗೆ ಅಂತ."

ಅವಳು ಫಾರಂಗಳನ್ನು ಚೀಲಕ್ಕೆ ತುರುಕಿದಳು.

"ಹೇಳದೆ ಕೇಳದೆ ಹೋದವನು ಈಗ ಯಾಕೆ ಕೇಳ್ತಾನೆ?"

"ಅದನ್ನ ಅವನನ್ನೇ ಕೇಳು." ಅತ್ತಿಗೆ ನಂಬರನ್ನು ಒಂದೇ ಉಸಿರಿಗೆ ಹೇಳಿ ಒಳಗೆ ಹೋದಳು.

ಬರೆದುಕೊಳ್ಳಬಾರದೆಂದು ಅವಳು ಪೆನ್ಸಿಲನ್ನು ಮುಡಿಗೆ ಸಿಕ್ಕಿಸಿಕೊಂಡಳು. ಏನು ಪ್ರಯೋಜನ? ಅಂಕಿ ಒಮ್ಮೆ ಕಿವಿಗೆ ಬಿದ್ದರೆ ಅವಳ ತಲೆಯಿಂದ ಇಳಿಯುವುದಿಲ್ಲ. ಮೀಟರು ಓದುವವರ ಶಾಪ ಅದು!

---

ನಾಲ್ಕು ವರ್ಷದ ಹಿಂದೆ, ಬಾಯ್ಲರ್ ಕಾರ್ಖಾನೆಯಲ್ಲಿ ಗಾಳಿಯಾಡದ ಟ್ಯಾಂಕಿನೊಳಗೆ ಬೆಸುಗೆಗೆ ಇಳಿದ ಒಬ್ಬ ಕೆಲಸಗಾರ ಮೇಲೆ ಬರಲಿಲ್ಲ. ಕಾರ್ಖಾನೆ, "ಅವನು ನಮ್ಮವನಲ್ಲ, ಗುತ್ತಿಗೆಯವನು" ಎಂದಿತು. ಗುತ್ತಿಗೆದಾರ ಅಣ್ಣ, "ನನ್ನ ಹಾಜರಿಯಲ್ಲಿ ಅಂಥವನೇ ಇಲ್ಲ" ಎಂದ. ಸತ್ತವನ ಹೆಂಡತಿಗೆ ಗಂಡ ಅಲ್ಲಿ ಕೆಲಸಕ್ಕಿದ್ದನೆಂದು ಹೇಳುವವರೇ ಇಲ್ಲದಂತಾಯಿತು.

"ಇದ್ದ. ನನ್ನ ಪಕ್ಕದಲ್ಲೇ ಕೆಲಸ ಮಾಡ್ತಿದ್ದ," ಎಂದವನು ಕಿಡಿ. ಎಂದದ್ದಷ್ಟೇ ಅಲ್ಲ, ಕಾರ್ಖಾನೆಯ ಗೇಟಿನ ಮುಂದೆ ಧರಣಿ ಕೂತ. ಕೆಲಸ ಹೋಯಿತು. ಅಣ್ಣ ಅವನ ಪೆಟ್ಟಿಗೆಯನ್ನು ಬೀದಿಗಿಟ್ಟ.

ಆ ಪೆಟ್ಟಿಗೆ ಬಂದು ಇಳಿದದ್ದು ಮೀಟರು ಓದುವವಳ ಮನೆಯ ಮೇಲಿನ ಕೋಣೆಗೆ, ಬಾಡಿಗೆಗೆ.

"ಒಬ್ಬನಿಗೆ ಬೇರೆ ಒಲೆ ಯಾಕಪ್ಪಾ? ಇಲ್ಲೇ ಉಣ್ಣು," ಎಂದಿದ್ದಳು ಅಮ್ಮ.

ಮೂರು ತಟ್ಟೆಗಳಾದವು. ಅವನು ಅನ್ನ ಕಲಸುತ್ತಾ ಓರೆಗಣ್ಣಲ್ಲಿ ನೋಡುವನು. "ಇವತ್ತು ನಿನ್ನ ಮುಖದ ಮೀಟರು ಯಾಕೋ ನಿಂತೇಹೋಗಿದೆ?"

"ನಿನ್ನ ಬಾಯಿಗೆ ಬೆಸುಗೆ ಹಾಕೋರು ಯಾರೂ ಸಿಗಲಿಲ್ವಾ?"

ಅಮ್ಮ ನಗುವಳು. ಆಮೇಲಾಮೇಲೆ ನಗುವುದನ್ನು ನಿಲ್ಲಿಸಿದಳು. ಅವರಿಬ್ಬರ ಕಣ್ಣುಗಳಲ್ಲಿ ಏನು ಕಂಡಳೋ...

ಒಂದು ಬೆಳಿಗ್ಗೆ ಅವಳು ಚಹಾ ಹಿಡಿದು ಮೇಲೆ ಹೋದಾಗ ಕೋಣೆ ಖಾಲಿ. ಹಾಸಿಗೆ ಸುತ್ತಿಟ್ಟಿತ್ತು. "ಹೊರದೇಶಕ್ಕೆ ಹೋದನಂತೆ. ಒಂದು ಮಾತೂ ಹೇಳದೆ," ಎಂದಳು ಅಮ್ಮ, ಒಲೆಯ ಕಡೆ ತಿರುಗಿಕೊಂಡು.

ಅಂದಿನಿಂದ ಆ ಕೋಣೆಗೆ ಬಾಡಿಗೆಯವರು ಬರಲಿಲ್ಲ. ಯಾರೇ ಕೇಳಲಿ, "ಗೋಡೆ ತೇವ ಕಣ್ರೀ, ಮಲಗೋಕಾಗಲ್ಲ," ಎಂದು ಅಮ್ಮನೇ ವಾಪಸು ಕಳಿಸುವಳು. ಗೋಡೆ ಬೆಣಚುಕಲ್ಲಿನಂತೆ ಒಣಗಿತ್ತು.

---

ಬೀದಿಯ ಕೊನೆಯ ಮನೆ ಅವಳದೇ. ಕೊನೆಗೆ ಅದನ್ನೂ ಬರೆಯಬೇಕಿತ್ತು.

ಅಮ್ಮ ತರಕಾರಿ ಹೆಚ್ಚುತ್ತಿದ್ದಳು. ಮಗಳು ಎದುರಿಗೆ ಸ್ಟೂಲು ಎಳೆದುಕೊಂಡು, ಬೇಕೆಂದೇ ಗಂಟಲು ಸರಿಮಾಡಿಕೊಂಡಳು.

"ಮನೆಯ ಮುಖ್ಯಸ್ಥರು ಯಾರು?"

"ಯಾರೋ ಒಬ್ಬಳು ಮುದುಕಿ. ದಿನಾ ಬೇಯಿಸಿ ಹಾಕ್ತಾಳೆ, ಒಂದು ದಿನ ಚೆನ್ನಾಗಿದೆ ಅನ್ನಿಸಿಕೊಂಡಿಲ್ಲ."

"ಅಮ್ಮಾ! ಸರಿಯಾಗಿ ಹೇಳು, ಇದು ಸರ್ಕಾರಿ ಕೆಲಸ."

ಒಂದೊಂದೇ ಪ್ರಶ್ನೆ ಮುಗಿಯಿತು. ಆ ಪ್ರಶ್ನೆ ಬಂದಾಗ ಅವಳು ಉತ್ತರಕ್ಕೂ ಕಾಯದೆ ಸೊನ್ನೆ ಹಾಕಲು ಪೆನ್ಸಿಲ್ ಊರಿದಳು. "ಈ ಮನೆಯಿಂದ ಹೊರದೇಶಕ್ಕೆ ಹೋದವರು..."

"ಒಬ್ಬ ಹೋಗಿದಾನೆ."

ಪೆನ್ಸಿಲ್ ನಿಂತಿತು.

ಅಮ್ಮನ ಕೈಯಲ್ಲಿ ಚಾಕುವೂ ನಿಂತಿತ್ತು. "ದೇವರ ಮುಂದೆ ಸುಳ್ಳು ಹೇಳಿದೀನಿ. ನಿನ್ನ ಮುಂದೆ ಹೇಳಿದೀನಿ. ಸರ್ಕಾರದ ಮುಂದೂ ಹೇಳು ಅಂದ್ರೆ... ನನ್ನ ಕೈಲಾಗಲ್ಲ ಮಗಾ."

"ಏನಮ್ಮಾ ಹೇಳ್ತಿದ್ದೀಯ?"

"ಅವನು ಹೋಗೋ ಹಿಂದಿನ ದಿನ ಕಾರ್ಖಾನೆಯ ಜನ ಅವನನ್ನ ಹುಡುಕ್ಕೊಂಡು ಬಂದಿದ್ರು. ನೀನು ಕೆಲಸಕ್ಕೆ ಹೋಗಿದ್ದೆ. ದೊಣ್ಣೆ ಹಿಡಕೊಂಡಿದ್ರು. ಅವನು ನಮ್ಮ ಮನೆಯವನಲ್ಲ, ಮೇಲೆ ಯಾರೂ ಇಲ್ಲ ಅಂದೆ. ಹೋದ್ರು. ಅಲ್ಲಿಗೇ ಬಿಟ್ಟಿದ್ರೆ ಸರಿಯಿರ್ತಿತ್ತು..." ಅಮ್ಮ ಸೆರಗಿನಿಂದ ಮೂಗೊರೆಸಿದಳು. "ನಾಳೆ ನಿನ್ನ ಮೇಲೂ ಕೈ ಮಾಡಿದ್ರೆ ಅಂತ ಹೆದರಿದೆ. ಅವನ ಹತ್ರ ಹೋಗಿ, 'ಅವಳೇ ಹೇಳಿ ಕಳಿಸಿದಾಳೆ, ನೀನು ಹೋಗಿಬಿಡಬೇಕಂತೆ, ಮುಖ ನೋಡೋಕೆ ಅವಳಿಗಾಗಲ್ವಂತೆ' ಅಂದೆ. ಅವನು ರಾತ್ರಿ ಉಂಡ ತಟ್ಟೆ ತೊಳೆದಿಟ್ಟು, ಬೆಳಗಾಗೋದ್ರೊಳಗೆ ಹೊರಟುಹೋದ."

ಅವಳಿಗೆ ಕೂಗಬೇಕೆನಿಸಿತು. ಮೂರು ವರ್ಷ! ಪ್ರತಿ ಬೆಳಿಗ್ಗೆ ಆ ಖಾಲಿ ಕೋಣೆಯ ಕೆಳಗೆ ನಡೆದುಹೋಗುತ್ತಾ 'ಹೇಡಿ' ಎಂದು ಅವನನ್ನು ಬಯ್ದ ಮೂರು ವರ್ಷ!

"ನನ್ನ ಬಾಯಿಂದ ಯಾಕಮ್ಮಾ ಹೇಳಿಸಿದೆ? ನಿನ್ನ ಬಾಯಿಂದಲೇ ಹೇಳಬಹುದಿತ್ತಲ್ಲ!"

"ನಾನು ಹೇಳಿದ್ರೆ ಹೋಗ್ತಿರಲಿಲ್ಲ ಅವನು. ನಿನ್ನ ಮಾತಾದ್ರೆ ಹೋಗ್ತಾನೆ ಅಂತ ಗೊತ್ತಿತ್ತು."

ಆ ಒಂದು ಮಾತಿಗೆ ಅವಳ ಸಿಟ್ಟೆಲ್ಲ ಕಣ್ಣೀರಾಗಿ ಇಳಿಯಿತು.

---

ಅತ್ತಿಗೆ ಹೇಳಿದ ನಂಬರಿಗೆ ಅವಳು ಫೋನು ಮಾಡಿದಾಗ ಆ ಕಡೆ ಉಕ್ಕಿನ ಮೇಲೆ ಸುತ್ತಿಗೆ ಬೀಳುತ್ತಿತ್ತು.

"ಹಲೋ? ಯಾರು?"

ಅದೇ ದನಿ. ಅವಳು ಬೀದಿಯಲ್ಲಿ ಬಳಸುವ ದನಿಯನ್ನೇ ಹುಡುಕಿ ತಂದಳು. "ಜನಗಣತಿಯಿಂದ ಮಾತಾಡ್ತಿದ್ದೀನಿ."

ಸುತ್ತಿಗೆಯ ಸದ್ದು ದೂರವಾಗುತ್ತಾ ಹೋಯಿತು. ಅವನು ನಡೆಯುತ್ತಿದ್ದ.

"...ಮೀಟ್ರು?"

"ಕೇಳಿದ್ದಕ್ಕೆ ಉತ್ತರ ಕೊಡಿ. ಯಾವ ದೇಶದಲ್ಲಿದ್ದೀರಿ?"

ಅವನು ಹೇಳಿದ. ಹಡಗು ಕಟ್ಟುವ ಜಾಗವಂತೆ. ಅವಳು ಬರೆದುಕೊಂಡಳು.

"ಹೋದ ಕಾರಣ? ಕೆಲಸ, ಓದು, ಮದುವೆ, ಇತರೆ?"

"ಇತರೆ."

"ಬಿಡಿಸಿ ಹೇಳಬೇಕು."

"ಒಬ್ಬಳು ಹೋಗು ಅಂತ ಹೇಳಿ ಕಳಿಸಿದಳು. ಹೋದೆ. ಅದನ್ನ ಬರೆಯೋಕೆ ಜಾಗ ಇದೆಯಾ ನಿಮ್ಮ ಫಾರಂನಲ್ಲಿ?"

ಪೆನ್ಸಿಲ್ ಮೊನೆ ಲಟಕ್ಕೆಂದು ಮುರಿಯಿತು.

"ಅವಳು ಹೇಳಿ ಕಳಿಸಲಿಲ್ಲ ಕಿಡಿ... ಅವಳಿಗೆ ಗೊತ್ತೇ ಇರಲಿಲ್ಲ. ಅಮ್ಮ ಹೆದರಿ ಹಾಗಂದಳು. ಅವಳು ಚಹಾ ಹಿಡಕೊಂಡು ಮೇಲೆ ಬಂದಿದ್ದಳು. ಆರಿ ತಣ್ಣಗಾಗೋವರೆಗೂ ಅಲ್ಲೇ ನಿಂತಿದ್ದಳು..."

ಆ ಕಡೆ ಏನನ್ನೋ ಕೆಳಗಿಟ್ಟ ಸದ್ದು.

"ಬೆಸುಗೆಯ ಮುಖವಾಡ ಇದೆಯಲ್ಲ," ಅವನ ದನಿ ಒಡೆದಿತ್ತು, "ಅದರೊಳಗೆ ಅತ್ತರೆ ಯಾರಿಗೂ ಕಾಣಲ್ಲ. ಅದೊಂದು ಅನುಕೂಲ. ಆದರೆ ಗಾಜಿಗೆ ಮಂಜು ಹಿಡಿಯತ್ತೆ. ಬೆಸುಗೆ ಸೊಟ್ಟಗಾಗಿ ಮೇಸ್ತ್ರಿ ಹತ್ರ ಬೈಸಿಕೋಬೇಕಾಗತ್ತೆ."

ಅವಳು ಅಳುತ್ತಲೇ ನಕ್ಕಳು. "ಕೊನೇ ಪ್ರಶ್ನೆ. ಹೊರಟಾಗ ಯಾವ ಮನೇಲಿ ಉಣ್ತಿದ್ರಿ?"

"...ನಿಮ್ಮನೇಲಿ."

"ಸರಿ."

ವಾಪಸು ಬರುವಿರಾ ಎಂಬ ಪ್ರಶ್ನೆ ಫಾರಂನಲ್ಲಿ ಇರಲಿಲ್ಲ. ತಾನಾಗಿ ಕೇಳಲು ಅವಳಿಗೆ ಧೈರ್ಯವಾಗಲಿಲ್ಲ. ಫೋನಿಟ್ಟು ಬಿಕ್ಕಿಬಿಕ್ಕಿ ಅತ್ತಳು.

---

ಅವಳು ತನ್ನ ಮನೆಯ ಫಾರಂನಲ್ಲಿ ಅವನ ಸಾಲು ತುಂಬಿ ಕೊಟ್ಟಳು. ಹೊರದೇಶಕ್ಕೆ ಹೋದವರ ಪ್ರತಿ ಸಾಲನ್ನೂ ಮೇಲ್ವಿಚಾರಕರು ಇನ್ನೊಮ್ಮೆ ವಿಚಾರಿಸಬೇಕು, ಅದು ನಿಯಮ. ಅವರು ವಿಚಾರಿಸಿದ್ದು ಅಣ್ಣನನ್ನು!

"ನೋಡಮ್ಮಾ," ಕಚೇರಿಯ ಫ್ಯಾನಿನ ಕೆಳಗೆ ಕಾಗದಗಳ ಮೇಲೆ ಮೊಣಕೈ ಊರಿ ಮೇಲ್ವಿಚಾರಕರು ಹೇಳಿದರು, "ಸ್ವಂತ ಅಣ್ಣ ಇಲ್ಲ ಅಂತಾರೆ. ನಿಮ್ಮ ಮನೇಲಿ ಇದ್ದ ಅಂತೀರಿ. ರಕ್ತಸಂಬಂಧ ಇಲ್ಲ. ಮದುವೆಯಾಗದ ಹೆಣ್ಣುಮಗಳು ನೀನು, ನಾಳೆ ಜನ ನಾಲ್ಕು ಮಾತಾಡ್ತಾರೆ. ಸುಮ್ಮನೆ ಆ ಸಾಲು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಹಾಕು. ತಿದ್ದುಪಡಿಗೆ ಬರೆದವರ ಸಹಿಯೇ ಬೇಕು."

"ಸಂಬಂಧ ಕೇಳಬೇಡಿ, ಒಲೆ ಕೇಳಿ ಅಂದೋರು ನೀವೇ ಸಾರ್. ಒಂದೇ ಒಲೆಯಲ್ಲಿ ಉಣ್ಣೋರು ಒಂದೇ ಮನೆಯವರು ಅಂತ ತರಬೇತಿಯಲ್ಲಿ ಬೋರ್ಡಿನ ಮೇಲೆ ಬರೆದ್ರಿ."

"ಅದು... ಬರೆದೆ. ಆದರೆ ಒಬ್ಬನಿಗಾಗಿ ಇಷ್ಟು ಹಟ ಯಾಕೆ? ಒಂದು ಸೊನ್ನೆಯಿಂದ ಯಾರ ಗಂಟು ಹೋಗತ್ತೆ?"

ಅವಳ ಮೈ ಉರಿಯಿತು.

"ಆ ಬೀದೀಲಿ ಬೀಗ ಹಾಕಿದ ಮನೆಗಳಿವೆ ಸಾರ್. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಹೊರಟುಹೋದ ಮನೆಗಳು. ಹೇಳೋರು ಯಾರೂ ಇಲ್ಲ ಅಂತ 'ಖಾಲಿ' ಅಂತ ಬರೆದು ಬಂದೆ. ಅವರ್ಯಾರೂ ನಿಮ್ಮ ಲೆಕ್ಕಕ್ಕೆ ಸಿಗಲ್ಲ. ಉಳಿದೋರು ಬಾಯಿಬಿಟ್ಟರೆ ತಾನೇ ಹೋದೋರು ಲೆಕ್ಕಕ್ಕೆ ಬರೋದು? ಟ್ಯಾಂಕಿನಲ್ಲಿ ಸತ್ತವನನ್ನೂ ಹೀಗೇ ಸೊನ್ನೆ ಮಾಡಿದ್ರು. ನಮ್ಮ ಮನೇಲಿ ನಾವು ಉಳಿದಿದ್ದೀವಿ. ಹೇಳ್ತಿದ್ದೀವಿ!"

"ಮುಂದೆ ನಿನ್ನನ್ನ ಯಾವ ಕೆಲಸಕ್ಕೂ ಕರೆಯಲ್ಲ, ಗೊತ್ತಾ?"

"ಕರೀಬೇಡಿ. ಮೀಟರು ಓದ್ಕೊಂಡಿರ್ತೀನಿ."

ಚೀಲದಲ್ಲಿ ಫೋನು ಬಡಿದುಕೊಳ್ಳತೊಡಗಿತು. ತಲೆಯಿಂದ ಇಳಿಯದ ಅದೇ ಅಂಕಿ! ಅವಳು ಕಿಟಕಿಯ ಕಡೆ ಓಡಿದಳು.

"ಅಣ್ಣ ಫೋನ್ ಮಾಡಿದ್ದ," ಕಿಡಿ ಅಂದ. "ಮೂರು ವರ್ಷದಲ್ಲಿ ಮೊದಲನೇ ಸಲ. ಬಯ್ಯೋಕೆ. ನಿನ್ನ ಮೇಲೆ ಒತ್ತಡ ಹಾಕ್ತಿದಾರೆ ಅಂತ ಅತ್ತಿಗೆ ಹೇಳಿದ್ರು. ಕೇಳು... ಆ ಸಾಲು ಹೊಡೆದುಬಿಡು."

"ನೀನೂನಾ? ನೀನೂ ಇಲ್ಲ ಅಂತೀಯಾ?"

"ಅಯ್ಯೋ, ಪೂರ್ತಿ ಕೇಳೇ! ಹೊರಗೆ ಹೋದವರ ಸಾಲಲ್ಲಿ ನಾನ್ಯಾಕಿರಲಿ? ಬಿಟ್ಟು ಬರ್ತಿದ್ದೀನಿ, ಪೂರ್ತಿಯಾಗಿ. ಟಿಕೆಟ್ ಆಯ್ತು. ಕಾರ್ಖಾನೆ ಗೇಟಿನ ಮುಂದೆ ನಾನು ಕೂತಿದ್ದ ಜಾಗ ಇನ್ನೂ ಖಾಲಿ ಇದೆ ತಾನೇ? ಸತ್ತವನ ಹೆಂಡತಿಗೆ ಇನ್ನೂ ನ್ಯಾಯ ಸಿಕ್ಕಿಲ್ಲ ತಾನೇ?"

ಅವಳು ಕಿಟಕಿಯ ಸರಳಿಗೆ ಹಣೆ ಆನಿಸಿದಳು.

"ಮೀಟ್ರು... ಮೇಲಿನ ಕೋಣೆಗೆ ಬಾಡಿಗೆಯವರು ಬಂದಿದಾರಾ?"

"ಇಲ್ಲ. ಗೋಡೆ ತೇವ ಅಂತೆ."

"ನಾನಿದ್ದಾಗ ಒಣಗೇ ಇತ್ತಲ್ಲ!"

"ಈಗಲೂ ಒಣಗೇ ಇದೆ." ಅವಳು ಕಣ್ಣೊರೆಸಿಕೊಂಡಳು.

"ಸಂಬಂಧ ಅನ್ನೋ ಕಡೆ ಏನು ಬರೆದಿದ್ದೀಯ ನನ್ನನ್ನ?"

"ಸಂಬಂಧಿಯಲ್ಲ ಅಂತ."

"ಅದು ಸುಳ್ಳು ಲೆಕ್ಕ."

"ಅದನ್ನ ಬಂದು ತಿದ್ದಿಸು. ಅದಕ್ಕೆ ಇಬ್ಬರ ಸಹಿ ಬೇಕು."

ಅವನು ನಕ್ಕ. ಆ ನಗು ಸಮುದ್ರ ದಾಟಿ ಬಂದು ಅವಳ ಕಿವಿಯಲ್ಲಿ ಬೆಚ್ಚಗೆ ಕೂತಿತು. "ಸರಿ, ಬರ್ತೀನಿ. ಈಗ ಆ ಸಾಲು ಹೊಡಿ, ಜಗಳ ಮುಗೀಲಿ."

ಅವಳು ತಿರುಗಿ ನೋಡಿದಳು. ಮೇಲ್ವಿಚಾರಕರು ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಚಾಚಿ ಹಿಡಿದಿದ್ದರು.

"ಹೊಡೆಯಲ್ಲ," ಎಂದಳು, ಇಬ್ಬರಿಗೂ ಕೇಳುವಂತೆ. "ನೀನು ಬಂದು ನಮ್ಮನೆ ಬಾಗಿಲು ತಟ್ಟೋವರೆಗೂ ಹೊಡೆಯಲ್ಲ."