ಸುಜಾಣಕ್ಕೆ ಬಂದ ಒಂದೇ ಮಿಸ್ಡ್ ಕಾಲ್

ಸೋಮವಾರ ಬೆಳಿಗ್ಗೆ ಬಳ್ಳಾರಿಯ ಶಿಕ್ಷಣ ಟ್ರಸ್ಟಿನವರು ತಮ್ಮ ಸುಜಾಣ ಕೋಣೆಗೆ ಹೊಸ ಬೀಗ ಹಾಕಿದರು. ಒಳಗಿದ್ದ ಹದಿನೆಂಟು ಕಂಪ್ಯೂಟರುಗಳನ್ನು ಶನಿವಾರ ಗುಜರಿಗೆ ಕೊಡುವುದೆಂದು ತೀರ್ಮಾನವಾಯಿತು. ಜಿಲ್ಲೆಯಲ್ಲಿ ಅಂಥವನ್ನು ಇನ್ನೂ ಬಳಸುವವರು ಒಬ್ಬರೇ ಎಂದು ಲೆಕ್ಕ ಬಂದಿತ್ತು.

ಆ ಒಬ್ಬರು ಅದೇ ಮಧ್ಯಾಹ್ನ ನಮ್ಮ ಆಫೀಸಿಗೆ ಬಂದರು. ಹೆಸರು ಶ್ರೀವಲ್ಲಿ, ನಲವತ್ತು ದಾಟಿದ ವಯಸ್ಸು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವರು. ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ಅವರೇ.

ನಮ್ಮ ಆಫೀಸು ಎಂದೆ. ಅಸಲಿಗೆ ಅದು ಪಂಪಾವತಿಯವರದು. ಕೂಲಿಕಾರರ ಮೇಲೆ ಸುಳ್ಳು ಕೇಸು ಬರೆಯಲೊಲ್ಲದೆ ಸಬ್ ಇನ್‌ಸ್ಪೆಕ್ಟರ್ ಕೆಲಸಕ್ಕೆ ರಾಜೀನಾಮೆ ಎಸೆದು ಬಂದ ಹೆಂಗಸು. ಬಳ್ಳಾರಿಯ ಜೀನ್ಸ್ ಅಂಗಡಿಯೊಂದರ ಮಹಡಿಯಲ್ಲಿ ಪತ್ತೇದಾರಿಕೆ ಮಾಡಿಕೊಂಡಿದ್ದರು. ನಮ್ಮ ಓದುಬಳಗದಲ್ಲಿ ಪರಿಚಯವಾದ ಮೇಲೆ, ಸಾಲಿ ಮಾಸ್ತರನಾದ ನಾನು ರಜೆಯ ದಿನಗಳನ್ನೆಲ್ಲ ಅವರ ಹಿಂದೆ ಅಲೆಯುವುದರಲ್ಲೇ ಕಳೆಯುತ್ತಿದ್ದೆ. ಅದು ಬೇಸಿಗೆ ರಜೆ.

"ಸುಜಾಣ ಅಂದ್ರ ಏನ್ರಿ?" ಎಂದು ಪಂಪಾವತಿ ಕೇಳಿದರು.

"ಎಂಬತ್ತರ ದಶಕದ ಮನಿ ಕಂಪ್ಯೂಟರ್ ರಿ ಮೇಡಂ. ನೋಡಾಕ ಬರೇ ಕೀಬೋರ್ಡು. ಹಳೇ ಟಿವಿಗೆ ಜೋಡಿಸ್ಬೇಕು. ಪ್ರೋಗ್ರಾಮೆಲ್ಲ ಟೇಪ್ ಕ್ಯಾಸೆಟ್‌ನಾಗ. ಆಗ ಟ್ರಸ್ಟಿನೋರು ಹಳ್ಳಿ ಸಾಲಿಗೆಲ್ಲ ಹಂಚಿದ್ರು. ಆಮ್ಯಾಲೆ ಸಾಲಿಯೋರು ಹೊರಗ ಹಾಕಿದ್ರು, ಮಂದಿ ಮನಿಗೆ ಒಯ್ದ್ರು. ಈಗ ಹೊಸಾ ಪಾರ್ಟ್ ಎಲ್ಲೂ ಸಿಗಂಗಿಲ್ಲ. ಯಾರ ಮನಿಯಾಗ ಕೆಟ್ಟರೂ ಈ ಹದಿನೆಂಟರಾಗಿಂದs ಒಂದೊಂದು ಬಿಚ್ಚಿ ಹಾಕಿ ನಡಸಾಕತ್ತೀನಿ. ಇವು ಗುಜರಿಗೆ ಹೋದ್ರ ಎಲ್ಲಾರ ಮಷಿನ್ನೂ ಹೋದಂಗs."

"ಎಲ್ಲಾರು ಅಂತೀರಿ. ಲೆಕ್ಕ ನೋಡಿದ್ರ ನೀವೊಬ್ಬರೇ ಅದೀರಿ!" ಎಂದು ನಾನು ಚುಚ್ಚಿದೆ.

"ಮಾಸ್ತರs, ಉರಿಯೋದಕ್ಕ ಉಪ್ಪು ಹಚ್ಚಬ್ಯಾಡ್ರಿ," ಎಂದು ಶ್ರೀವಲ್ಲಿ ಲೆಕ್ಕದ ಬಗೆಯನ್ನು ವಿವರಿಸಿದರು.

ಸಿರುಗುಪ್ಪದ ಸಮುದಾಯ ರೇಡಿಯೊದಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಒಂದು ಸುಜಾಣ ಪ್ರೋಗ್ರಾಂ ಬಿತ್ತರವಾಗುತ್ತಿತ್ತು. ಕೇಳುವವರಿಗೆ ಅದು ಬರೀ ಕಿರ್ರೆನ್ನುವ ಸದ್ದು. ಆ ಸದ್ದನ್ನು ಟೇಪಿನಲ್ಲಿ ಹಿಡಿದು ಮಷಿನ್ನಿಗೆ ಉಣಿಸಿದರೆ ಪರದೆಯ ಮೇಲೆ ಪ್ರೋಗ್ರಾಂ ಮೂಡುತ್ತದೆ. ಬಳಸುವವರೆಷ್ಟೆಂದು ತಿಳಿಯಲು ಎಂಟು ದಿನ ಹಿಂದಿನ ಪ್ರೋಗ್ರಾಮಿನಲ್ಲಿ ಒಂದು ಫೋನ್ ನಂಬರ್ ಅಡಗಿಸಲು ಟ್ರಸ್ಟಿನವರು ಹೇಳಿದ್ದರು. ಮಷಿನ್ ಇದ್ದವರಿಗೆ ಮಾತ್ರ ನಂಬರ್ ಕಾಣುತ್ತದೆ. ಕಂಡವರು ವಾರದೊಳಗೆ ಮಿಸ್ಡ್ ಕಾಲ್ ಕೊಡಬೇಕು. ಮೋಸಕ್ಕೆ ಎಡೆಯೇ ಇಲ್ಲವೆಂದು ಶ್ರೀವಲ್ಲಿಯೂ ಒಪ್ಪಿದ್ದರು.

"ಬಂದದ್ದು ಒಂದs ಕಾಲ್, ನಂದು. ಬಳ್ಳಾರಿಯಾಗ ಆ ರೇಡಿಯೊ ಸಿಗಂಗಿಲ್ಲ. ನಾನು ಮಾಡಿಕೊಟ್ಟ ಅಸಲಿ ಕ್ಯಾಸೆಟ್ಟಿನ ಒಂದು ಕಾಪಿ ಇಟ್ಕೊಂಡಿದ್ದೆ, ಅದರಿಂದ ಹಾಕಿ ನೋಡಿ ಕಾಲ್ ಕೊಟ್ಟೆ. ಸಾಲದ್ದಕ್ಕ ಈ ವಾರ ಟೇಪ್ ರೆಕಾರ್ಡರ್ ರಿಪೇರಿ ಬ್ಯಾರೆ ಮೈಮ್ಯಾಲೆ ಬಿದ್ದಾವ. ಕರೂರಿಂದ, ಕುರುಗೋಡಿಂದ ಬಸ್ಸಿನಾಗ ಕಳಿಸ್ಯಾರ. ಬ್ಯಾಸಿಗಿ ಧೂಳು ನೋಡ್ರಿ."

ಮಾತಿನ ನಡುವೆ ಅವರು ಮೇಜಿನ ಮೇಲಿಟ್ಟ ಕ್ಯಾಸೆಟ್ಟನ್ನು ನಾನು ನೋಡಿ, ಪಕ್ಕದ ರೇಡಿಯೊ ಮೇಲಿಟ್ಟೆ. ಶ್ರೀವಲ್ಲಿ ಹಾವು ಕಂಡವರಂತೆ ಬೆಚ್ಚಿ ಅದನ್ನು ಕಸಿದುಕೊಂಡರು.

"ಸ್ಪೀಕರ್ ಮ್ಯಾಲೆ ಇಡಬ್ಯಾಡ್ರಿ! ಒಳಗ ಅಯಸ್ಕಾಂತ ಇರ್ತೈತಿ, ಪ್ರೋಗ್ರಾಂ ಕೆಡ್ತೈತಿ. ನಮ್ಮ ಮಂದಿ ನಿದ್ದಿಗಣ್ಣಾಗೂ ಇಡಂಗಿಲ್ಲ."

ಪಂಪಾವತಿ ಅವರನ್ನೇ ದಿಟ್ಟಿಸಿದರು. "ಕೆಲಸಕ್ಕ ಬಾರದ್ದು ಒಂದು ಸುಜಾಣ ಕ್ಯಾಸೆಟ್ ಇದ್ರ ಕೊಡ್ರಿ," ಎಂದಷ್ಟೇ ಹೇಳಿದರು.

ಮರುದಿನ ಸಿರುಗುಪ್ಪಕ್ಕೆ ಹೋದೆವು. ದಾರಿಯುದ್ದಕ್ಕೂ ಕೊಯ್ಲಾದ ಭತ್ತದ ಗದ್ದೆಗಳು. ರೇಡಿಯೊ ನಡೆಸುವ ಶರಣ ಮೂವತ್ತರೊಳಗಿನ ಚುರುಕು ಹುಡುಗ, ಪಟಪಟನೆ ಮಾತಾಡುವವನು.

"ನಮ್ಮ ಟೇಪ್ ಪ್ಲೇಯರ್ ಕೆಟ್ಟಿತ್ತು ಮೇಡಂ. ಲೆಕ್ಕದ ಉಸ್ತುವಾರಿ ವಿರೂಪಾಕ್ಷಿ ಸಾರ್‌ದು. ಅವ್ರು ಕ್ಯಾಸೆಟ್ಟಿಂದ ಪೆನ್ ಡ್ರೈವಿಗೆ ಹಾಕಿ ತಂದ್ರು, ನಾನು ಹಚ್ಚಿದೆ. ಪೆನ್ ಡ್ರೈವ್ ಅವ್ರೇ ವಾಪಸ್ ಒಯ್ದ್ರು."

"ಸದ್ದು ಹೆಂಗಿತ್ತಪ್ಪ?"

"ಯಾರಿಗ್ಗೊತ್ತು! ಅದು ಶುರು ಆಯ್ತಂದ್ರ ಒಳಗಿನ ಸ್ಪೀಕರ್ ಬಂದ್ ಮಾಡಿ ಚಾ ಕುಡಿಯಾಕ ಹೋಗ್ತೀನಿ. ಮನುಷ್ಯಾರು ಕೇಳೋ ಸದ್ದೇನ್ರಿ ಅದು?"

ಪಂಪಾವತಿ ಶ್ರೀವಲ್ಲಿ ಕೊಟ್ಟಿದ್ದ ಹಳೆಯ ಕ್ಯಾಸೆಟ್ಟನ್ನು ಅವನ ಕೈಗಿತ್ತರು. ಶರಣ ತಿರುವಿ ನೋಡಿ, ಸ್ಟುಡಿಯೊದ ದೊಡ್ಡ ಸ್ಪೀಕರಿನ ಮೇಲೆ ಇಟ್ಟು ಮಾತು ಮುಂದುವರಿಸಿದ. ಬಿತ್ತರವಾದದ್ದೆಲ್ಲ ಅಲ್ಲಿ ರೆಕಾರ್ಡ್ ಆಗಿರುತ್ತದೆಂದು ತಿಳಿದು ಆ ಭಾನುವಾರದ್ದರ ಒಂದು ಪ್ರತಿಯನ್ನು ಕೇಳಿ ಪಡೆದೆವು.

ಅಲ್ಲಿಂದ ಕುರುಗೋಡಿಗೆ. ಶ್ರೀವಲ್ಲಿ ಹೇಳಿದ ಮನೆಯ ಕಟ್ಟೆಯ ಮೇಲೆ ಕೊಟ್ರಬಸಮ್ಮ ಎಂಬ ಅಜ್ಜಿ ಕೂತಿದ್ದಳು. ಒಳಗೆ ಮೊಮ್ಮಗಳು ಐಶ್ವರ್ಯ ಹಳೆಯ ಟಿವಿಯ ಮುಂದೆ. ಪರದೆಯ ಮೇಲೆ ಜೀನ್ಸ್ ಪ್ಯಾಂಟಿನ ಹಿಂಜೇಬು. ಅದರ ಮೇಲೆ ಎರಡು ಎಳೆ ದಾರ ನವಿಲುಗರಿಯಂತೆ ಬಾಗಿ ಬರುತ್ತಿತ್ತು. ಬಳ್ಳಾರಿಯ ಜೀನ್ಸ್ ಹೊಲಿಯುವವರಿಗೆ ಜೇಬಿನ ಹೊಲಿಗೆಯ ನಮೂನೆ ಬರೆದುಕೊಡುವುದು ಅವಳ ಕೆಲಸ.

"ಮೊಬೈಲಿನಾಗ ಬರಿಯಾಕ ಬರಂಗಿಲ್ಲೇನವ್ವಾ?" ಎಂದೆ.

"ಬರ್ತೈತ್ರಿ ಸರ್. ಆದ್ರ ಇದು ನಾ ಬರದ ಪ್ರೋಗ್ರಾಂ. ಒಂದು ಅಂಕಿ ಬದಲು ಮಾಡಿದ್ರ ಗೆರಿ ಹೆಂಗ ಬಾಗ್ತೈತಿ ಅಂತ ನನಗ ಗೊತ್ತು. ಮೊಬೈಲು ಮಾಡಿದ್ದು ಯಾರೋ, ಯಾಕ ಬಾಗ್ತೈತೋ, ಯಾರಿಗ್ಗೊತ್ತು?"

ನಮ್ಮ ಓದುಬಳಗದಲ್ಲಿ ವರ್ಷಗಟ್ಟಲೆ ಯಂತ್ರ ಮತ್ತು ಒಡೆತನದ ಬಗ್ಗೆ ವಾದಿಸಿದ್ದೇವೆ. ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ.

"ಮತ್ತ ಮಿಸ್ಡ್ ಕಾಲ್ ಯಾಕ ಕೊಡ್ಲಿಲ್ಲ?" ಪಂಪಾವತಿ ಕೇಳಿದರು.

ಹುಡುಗಿ ತಲೆ ತಗ್ಗಿಸಿದಳು. "ಪ್ರೋಗ್ರಾಂ ಮಷಿನ್ನಿಗೆ ಏರಲಿಲ್ರಿ. ನಮ್ಮ ಟೇಪಿಂದs ತಪ್ಪು. ಕ್ಯಾಸೆಟ್ ಓದೋ ಹೆಡ್ ಒರೆಸಿದೆ, ಅದರ ಸ್ಕ್ರೂ ತಿರುವಿದೆ, ಆಗ್ಲಿಲ್ಲ. ಆಮ್ಯಾಲೆ ಶ್ರೀವಲ್ಲಿ ಅಕ್ಕಾರಿಗೆ ರಿಪೇರಿಗೆ ಕಳಿಸಿ, ಮಾವನ ಮನಿ ಟೇಪ್ ತಂದು ಕೆಲಸ ನಡಸೀನಿ."

"ಏರಲಿಲ್ಲ ಅಂತ ಅಕ್ಕಾರಿಗೆ ಹೇಳಿದ್ಯಾ?"

"ಅಯ್ಯ, ನಾಚಿಕಿ ಬರಂಗಿಲ್ಲೇನ್ರಿ? ಉಳಿದೋರಿಗೆಲ್ಲ ಏರಿರ್ತೈತಿ. ಹೆಡ್ ಹೋಗೈತಿ ಅಂತ ಅಷ್ಟs ಅಂದೆ."

ಹೊರಡುವಾಗ ಅಜ್ಜಿ ನಮ್ಮನ್ನು ತಡೆದಳು. "ಯವ್ವಾ, ಆ ರೇಡಿಯೊದೋರಿಗೆ ನನ್ನ ಆಶೀರ್ವಾದ ಹೇಳು. ಐತವಾರ ಮಧ್ಯಾಹ್ನ ಕಿವಿ ಹರಿತಿದ್ರು, ನಾ ಹೊರಗ ಈ ಕಟ್ಟಿ ಮ್ಯಾಲೆ ಎದ್ದು ಬರ್ತಿದ್ದೆ. ಆವತ್ತು ಮಾತ್ರ ದೂರದ ಗಿರಣಿ ಸದ್ದಿನಂಗ ಮೆತ್ತಗ ಬಂತು. ಒಳಗs ನಿದ್ದಿ ಹತ್ತಿತು ನೋಡು."

ಪಂಪಾವತಿ ನನ್ನ ಕಡೆ ನೋಡಿದರು. ನನಗೇನೂ ಹೊಳೆಯಲಿಲ್ಲ. ಐಶ್ವರ್ಯಳನ್ನು ಜೊತೆಗೆ ಕರೆದುಕೊಂಡು ಕುರುಗೋಡಿನಲ್ಲಿ ಸುಜಾಣ ಇರುವ ಮನೆಗಳಿಗೆಲ್ಲ ಹೋದೆವು. ಟೇಲರ್, ಕಿರಾಣಿ ಅಂಗಡಿಯ ಗಾದಿಲಿಂಗಪ್ಪ, ಮಗ್ಗಿ ಕಲಿಸುವ ಮುದುಕ ಮಾಸ್ತರು, ಇನ್ನೂ ಕೆಲವರು. ಎಲ್ಲರೂ ಮೊದಲು ಜಾರಿಕೊಂಡರು, ಆಮೇಲೆ ಪಿಸುಮಾತಿನಲ್ಲಿ ಒಪ್ಪಿಕೊಂಡರು. ಎಲ್ಲರೂ ಟೇಪಿನ ಸ್ಕ್ರೂ ತಿರುವಿದ್ದರು. ಮೂವರಿಗೆ ಒಬ್ಬರಂತೆ ಶ್ರೀವಲ್ಲಿಯ ಹತ್ತಿರ ರಿಪೇರಿಗೆ ಕಳಿಸಿದ್ದರು.

ಉಳಿದವರು ಬಳ್ಳಾರಿಯ ಇಬ್ಬರು. ಟ್ರಸ್ಟಿನ ಕಾರ್ಯದರ್ಶಿ ಮಧುಸೂದನ ತಮ್ಮ ಕಾರಿನ ಬಳಿಯೇ ನಿಂತು ಮಾತಾಡಿದರು. "ನೋಡಿ, ಜನ ಇದ್ದಿದ್ದರೆ ನಾನೇ ಕೋಣೆ ಉಳಿಸುತ್ತಿದ್ದೆ. ಒಬ್ಬರಿಗಾಗಿ ಜಾಗ ಇಟ್ಟುಕೊಳ್ಳಲು ಆಗುತ್ತದೆಯೆ?" ಪಂಪಾವತಿ ಕೊಟ್ಟ ಕ್ಯಾಸೆಟ್ಟನ್ನು ಅವರು ನೋಡದೆಯೇ ಕಾರಿನ ಬಾಗಿಲಿನ ಸ್ಪೀಕರಿಗೆ ತಾಗುವಂತೆ ಸಿಕ್ಕಿಸಿಬಿಟ್ಟರು.

ಲೆಕ್ಕ ಮಾಡಿದ ವಿರೂಪಾಕ್ಷಿ ಕಂಪ್ಯೂಟರ್ ಕೋಚಿಂಗ್ ನಡೆಸುವವನು. ಕೊಳಗಲ್ಲಿನವನು, ಬಾಯಿತುಂಬ ನಗು. "ಆ ಹಳೇ ಡಬ್ಬಿ ನನಗ ಗೊತ್ತಿಲ್ರಿ ಮೇಡಂ. ನಾನು ಕಲಿಸೋದು ಈಗಿನ ಮಷಿನ್. ಕ್ಯಾಸೆಟ್ ಕೊಟ್ರು, ಇದ್ದಂಗs ಪೆನ್ ಡ್ರೈವಿಗೆ ಹಾಕಿ ಕೊಟ್ಟೆ, ಅಷ್ಟs."

ಪಂಪಾವತಿ ವಾಪಸ್ ತಂದಿದ್ದ ಅದೇ ಕ್ಯಾಸೆಟ್ಟನ್ನು ಅವನ ಮೇಜಿನ ಸ್ಪೀಕರಿಗೆ ಆನಿಸಿಟ್ಟು ಹವಾಮಾನದ ಮಾತು ತೆಗೆದರು. ಬಿಸಿಲಿನ ಬಗ್ಗೆ ಹೇಳುತ್ತ ಹೇಳುತ್ತಲೇ ವಿರೂಪಾಕ್ಷಿ ಅದನ್ನೆತ್ತಿ ಮೇಜಿನ ಆ ತುದಿಗೆ ಸರಿಸಿದ. ತನ್ನ ಕೈ ಮಾಡಿದ್ದು ಅವನಿಗೇ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಸುಜಾಣ ಕೋಣೆಯ ಮುಂದೆ ಗುಜರಿ ಲಾರಿ ನಿಂತಿತ್ತು. ಪಂಪಾವತಿ ಎಲ್ಲರನ್ನೂ ಅಲ್ಲಿಗೇ ಕರೆಸಿದ್ದರು. ಕುರುಗೋಡಿನಿಂದ ಅಜ್ಜಿ, ಮೊಮ್ಮಗಳು, ಗಾದಿಲಿಂಗಪ್ಪ ಬಂದಿದ್ದರು. ಮಧುಸೂದನ ಗೊಣಗುತ್ತಲೇ ಬೀಗ ತೆಗೆದರು.

ಶ್ರೀವಲ್ಲಿ ಒಂದು ಮಷಿನ್ನಿಗೆ ಮೊದಲು ಅಸಲಿ ಸದ್ದು ಉಣಿಸಿದರು. ಕಿವಿ ಸೀಳುವ ಕಿರುಚಾಟ ಮುಗಿದು ಪರದೆಯ ಮೇಲೆ ನಂಬರ್ ಮೂಡಿತು. ಆಮೇಲೆ ರೇಡಿಯೊದವರ ರೆಕಾರ್ಡು. ಮೆತ್ತನೆಯ ಗುಂಯ್‌ಗುಡುವಿಕೆ, ಪರದೆ ಖಾಲಿ.

"ಇದs! ನನಗ ನಿದ್ದಿ ತಂದಿದ್ದು ಇದs!" ಎಂದಳು ಅಜ್ಜಿ.

"ಚೂಪಾದ ಸದ್ದನ್ನೆಲ್ಲ ಯಾರೋ ತೆಗೆದುಹಾಕ್ಯಾರ," ಎಂದು ಪಂಪಾವತಿ ಶುರು ಮಾಡಿದರು. "ಬಂದ ಒಂದೇ ಕಾಲ್ ಕ್ಯಾಸೆಟ್ಟಿನಿಂದ ನೇರ ಹಾಕಿ ನೋಡಿದವರದ್ದು. ರೇಡಿಯೊ ಕೇಳಿದವರಿಂದ ಒಂದೂ ಇಲ್ಲ. ಅಂದ್ರ ಮಂದಿ ಇಲ್ಲ ಅಂತಲ್ಲ, ಕ್ಯಾಸೆಟ್ಟಿಗೂ ರೇಡಿಯೊಕ್ಕೂ ನಡುವ ಏನೋ ನಡೆದೈತಿ. ನಡುವ ಇದ್ದ ಕೈ ಎರಡು, ಶರಣಂದು, ವಿರೂಪಾಕ್ಷಿದು. ಹೇಳಿ ಮಾಡಿಸಿರಬಹುದಾದವರು ಮಧುಸೂದನರು."

"ಏನ್ರಿ ಇದು, ನನ್ನನ್ನೂ..." ಮಧುಸೂದನ ಬುಸುಗುಟ್ಟಿದರು.

"ಪೂರ್ತಿ ಕೇಳ್ರಿ. ಬೇರೆ ಕೇಳುಗರು ಯಾರೇ ಆಗಿದ್ರೂ, ಹಾಡು ಕೆಟ್ರ ರೇಡಿಯೊದವರನ್ನ ಬೈತಾರ. ಅಡ್ಡಗಾಲು ಹಾಕೋನು ಆ ಬೈಗಳಕ್ಕ ಹೆದರಬೇಕಿತ್ತು. ಇವನು ಹೆದರಲಿಲ್ಲ. ಸುಜಾಣದ ಮಂದಿ ರೇಡಿಯೊವನ್ನ ಬೈಯಂಗಿಲ್ಲ, ತಮ್ಮ ಟೇಪನ್ನ ಬೈತಾರ. ಬಾಯಿ ಮುಚ್ಚಿ ಸ್ಕ್ರೂ ತಿರುವುತಾರ. ಈ ಮೌನವನ್ನ ನಂಬಿ ಕೆಲಸ ಮಾಡಬೇಕಂದ್ರ ಅವನೂ ಹಂಗs ಸ್ಕ್ರೂ ತಿರುವಿ ಬೆಳದವ ಆಗಿರಬೇಕು. ಈ ಮಷಿನ್ ಯಾರಿಗೆ ಗೊತ್ತು ಅಂತ ತಿಳಿಯಾಕs ಮೂವರ ಮುಂದೂ ಕ್ಯಾಸೆಟ್ ಇಟ್ಟು ನೋಡಿದ್ದೆ. ಶರಣ ಸ್ಪೀಕರ್ ಮ್ಯಾಲೆ ಇಟ್ಟ. ಮಧುಸೂದನರು ಸ್ಪೀಕರಿಗೆ ತಾಗಿಸಿ ಸಿಕ್ಕಿಸಿದ್ರು. ಇಬ್ಬರಿಗೂ ಈ ಮಷಿನ್ ಗೊತ್ತಿಲ್ಲ. ವಿರೂಪಾಕ್ಷಿ, ನೀ ಮಾತ್ರ ಎತ್ತಿ ದೂರ ಇಟ್ಟಿ. ಗೊತ್ತಿಲ್ಲ ಅಂದಿದ್ದು ಬಾಯಿ. ಕೈಗೆ ಗೊತ್ತಿತ್ತು."

ವಿರೂಪಾಕ್ಷಿಯ ನಗು ಆರಿತು. ಅವನು ಮಷಿನ್ನಿನ ಕಡೆ ಕೈ ತೋರಿಸಿದ.

"ಕೊಳಗಲ್ ಸಾಲ್ಯಾಗ ಕಲ್ತಿದ್ದೆ," ಎಂದ. "ಇದರ ಮ್ಯಾಲೇ. ನನ್ನ ಕೋಚಿಂಗಿಗೆ ಈ ಕೋಣಿ ಕೊಡ್ತೀವಂತ ಟ್ರಸ್ಟಿನಾಗ ಮಾತಾಗಿತ್ತು. ಹತ್ತು ಮಂದಿ ಕಾಲ್ ಕೊಟ್ರೂ ಕೈ ತಪ್ತಿತ್ತು."

"ಲೇ, ನಿನ್ನ ಕೈಗೆ ಅಕ್ಷರ ಕೊಟ್ಟ ಮಷಿನ್ ಅದು!" ಗಾದಿಲಿಂಗಪ್ಪ ಮುಂದೆ ನುಗ್ಗಿದರು. ನಾನು ತಡೆದೆ; ತಡೆಯುವ ಮನಸ್ಸು ನನಗೂ ಇರಲಿಲ್ಲ. ಇರುವ ಮಂದಿಯನ್ನು ಇಲ್ಲವೆಂದು ಬರೆದು ಅವರ ಜಾಗ ಹಂಚಿಕೊಳ್ಳುವುದು ಈ ನಾಡಿನಲ್ಲಿ ಎಷ್ಟು ಸಲ ಆಗಿಲ್ಲ!

"ಸರಿ, ಹಾಗಾದರೆ ನಿಜವಾಗಿ ಎಷ್ಟು ಜನ?" ಮಧುಸೂದನ ಸವಾಲೆಸೆದರು. "ಅದನ್ನೂ ಹೇಳಿ."

"ಹೇಳ್ತೀನಿ. ಶ್ರೀವಲ್ಲಿಯವರ ಮನಿಯಾಗ ರಿಪೇರಿಗೆ ಬಂದ ಟೇಪಿನ ರಾಶಿ ಐತಲ್ಲ, ಅದು ಧೂಳಿನ ರಾಶಿ ಅಲ್ಲ. ಎಲ್ಲವೂ ಆ ಭಾನುವಾರದ ನಂತರ ಬಂದವು, ಎಲ್ಲದರ ಸ್ಕ್ರೂ ತಿರುಗೈತಿ. ನಿನ್ನೆ ಹೋಗಿ ಎಣಿಸೀನಿ, ಅವು ಇಪ್ಪತ್ತೇಳು. ಕುರುಗೋಡಿನಾಗ ನಾವು ಕಂಡಂಗ, ಕೆಟ್ಟಿತು ಅಂದುಕೊಂಡವರಾಗ ಮೂರಕ್ಕ ಒಬ್ಬರು ರಿಪೇರಿಗೆ ಕಳಿಸ್ಯಾರ. ಎಲ್ಲಾ ಕಡೆ ಹಂಗs ಅಂತ ಹಿಡಿದ್ರ ಎಂಬತ್ತರ ಆಸುಪಾಸು. ಇದು ಅಂದಾಜು, ಹತ್ತಿಪ್ಪತ್ತು ಹೆಚ್ಚುಕಡಿಮಿ ಆಗಬಹುದು. ಆದ್ರ ಒಂದು ಅಂತೂ ಅಲ್ಲ."

ಶ್ರೀವಲ್ಲಿ ಬಾಯಿಗೆ ಕೈ ಅಡ್ಡ ಹಿಡಿದರು. "ಅಷ್ಟು ಮಂದಿ ಅದಾರಾ! ನಾನs ಬಿಚ್ಚಿ ನೋಡೀನಿ, ನನಗs ಹೊಳೀಲಿಲ್ಲ."

"ನೀವೂ ಅವರs ಅಲ್ಲೇನ್ರಿ? ತಪ್ಪು ಟೇಪಿಂದs ಅಂದುಕೊಂಡ್ರಿ," ಎಂದರು ಪಂಪಾವತಿ, ನಗುತ್ತ.

ಶರಣ ಆಗಲೇ ಫೋನ್ ತೆಗೆದಿದ್ದ. "ನಾಳೆ ಮಧ್ಯಾಹ್ನ ಅಸಲಿ ಸದ್ದು ಮತ್ತ ಬಿಡ್ತೀನಿ. ಈ ಸಲ ಚಾಕ್ಕ ಹೋಗಂಗಿಲ್ಲ, ಕೂತು ಕೇಳ್ತೀನಿ."

"ಹಂಗಾರ ನಾ ಹೊರಗ ಕಟ್ಟಿ ಮ್ಯಾಲೆ ಹೋಗ್ತೀನಿ ಬಿಡು," ಎಂದಳು ಅಜ್ಜಿ. ಎಲ್ಲರೂ ನಕ್ಕರು.

ಮಧುಸೂದನ ನಗಲಿಲ್ಲ. ಲಾರಿಯ ಚಾಲಕ ಎರಡು ಸಲ ಹಾರನ್ ಒತ್ತಿದ್ದ. ಅವರು ಶ್ರೀವಲ್ಲಿಯ ಕಡೆ ತಿರುಗಿ ದನಿ ಮೆತ್ತಗೆ ಮಾಡಿದರು.

"ನೋಡಮ್ಮ, ಆದದ್ದು ತಪ್ಪೇ. ವಿರೂಪಾಕ್ಷಿಗೆ ಕೋಣೆ ಕೊಡುವುದಿಲ್ಲ, ಅಷ್ಟು ಮಾತು ಕೊಡುತ್ತೇನೆ. ಆದರೆ ಲಾರಿ ಬಂದಿದೆ, ತೀರ್ಮಾನ ಆಗಿದೆ. ಒಂದು ಕೆಲಸ ಮಾಡಿ. ಎರಡು ಮಷಿನ್ ಗಾಜಿನ ಪೆಟ್ಟಿಗೆಯಲ್ಲಿ ಇಡಿಸುತ್ತೇನೆ, ನಿಮ್ಮ ಹೆಸರಿನ ಫಲಕದ ಜೊತೆಗೆ. ಯಾವ ಎರಡು ಉಳಿಯಬೇಕೋ ನೀವೇ ಆರಿಸಿ, ಉಳಿದದ್ದನ್ನು ಅವರು ಹೊರಗೆ ಸಾಗಿಸಲಿ."

ಶ್ರೀವಲ್ಲಿ ಸಾಲಾಗಿದ್ದ ಹದಿನೆಂಟನ್ನೂ ನೋಡಿದರು. ಬಾಗಿಲ ಹತ್ತಿರದ ಸ್ಟೂಲನ್ನು ಎಳೆದು ಹೊಸ್ತಿಲಿಗೆ ಅಡ್ಡವಾಗಿಟ್ಟು ಅದರ ಮೇಲೆ ಕೂತರು. ಐಶ್ವರ್ಯ ಬಂದು ಅವರ ಬೆನ್ನ ಹಿಂದೆ ನಿಂತಳು.

"ಆರಿಸಂಗಿಲ್ರಿ," ಎಂದರು ಶ್ರೀವಲ್ಲಿ.